ಹಳೆಯ ವಿಡಿಯೋ ಆಟಗಳೂ ಗೆಳೆಯರ ಕೂಟವೂ

ಬೆಂಗಳೂರಿನ ಹಳೆಯ ಪೇಟೆಯ ಮನೆಗಳಲ್ಲಿ ಅಟ್ಟವೆಂಬುದು ಒಂದು ವಿಚಿತ್ರವಾದ ಭಂಡಾರ. ಲಗ್ನಪತ್ರಿಕೆಗಳಿಗೂ ಕಾಗದದ ವ್ಯಾಪಾರಕ್ಕೂ ಹೆಸರಾದ ಸುಲ್ತಾನ್‌ಪೇಟೆಯಲ್ಲಿ, ಕೆಳಗೆ ಅಂಗಡಿ, ಮೇಲೆ ಮನೆ, ಅದರ ಮೇಲೆ ಅಟ್ಟ, ಎಂಬ ಕ್ರಮದಲ್ಲಿ ಸಂಸಾರ ನಡೆಯಿಸಿದವರು ಬಹುಮಂದಿ. ಅಂತಹ ಅಟ್ಟಗಳನ್ನು ತೆಗೆದು ನೋಡಿದರೆ ಚೌಕಾಬಾರದ ಕವಡೆಗಳ ಮಗ್ಗುಲಲ್ಲಿಯೇ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ, ಎರಡು ಬಾಲಗಳುಳ್ಳ ಒಂದು ಪ್ಲಾಸ್ಟಿಕ್ಕಿನ ಪೆಟ್ಟಿಗೆ ಈಗಲೂ ಸಿಕ್ಕುವುದುಂಟು. 1990ರ ದಶಕದಲ್ಲಿ ಬಾಲ್ಯವನ್ನು ಕಳೆದ ಗೃಹಸ್ಥರಿಗೆ ಅದು ಏನೆಂದು ಹೇಳಬೇಕಾದುದಿಲ್ಲ. ಟೀವಿಗೆ ಸಿಕ್ಕಿಸಿ ಆಡುತ್ತಿದ್ದ ವಿಡಿಯೋ ಗೇಮಿನ ಪೆಟ್ಟಿಗೆ ಅದು. ಬಾಲಗಳೆಂದೆವಲ್ಲ, ಅವು ಇಬ್ಬರು ಆಟಗಾರರು ಕೈಯಲ್ಲಿ ಹಿಡಿಯತಕ್ಕ ಗುಂಡಿಗಳ ತಂತಿಗಳು. ಒಂದು ಪೆಟ್ಟಿಗೆಗೆ ಹಿಡಿಗಳನ್ನು ಎರಡಾಗಿ ಕೊಟ್ಟಿದ್ದರೆಂಬುದನ್ನು ವಾಚಕರು ಗಮನದಲ್ಲಿಡಬೇಕು. ನಾವು ಹೇಳಹೊರಟ ವಿಷಯವೆಲ್ಲ ಅದರಲ್ಲಿಯೇ ಇದೆ.

ಪೇಟೆಯ ಆ ಸಂಸಾರಗಳಲ್ಲಿ ಅನೇಕವು ಇಂದು ಪೇಟೆಯಲ್ಲಿ ಉಳಿದಿಲ್ಲ. ವ್ಯಾಪಾರ ಬೆಳೆದು ಮನೆಯು ಗೋದಾಮಾಯಿತು. ಒಬ್ಬರು ಚಾಮರಾಜಪೇಟೆಗೆ, ಒಬ್ಬರು ಬಸವನಗುಡಿಗೆ, ಮತ್ತೊಬ್ಬರ ಮಕ್ಕಳು ಸಮುದ್ರದಾಚೆಗೆ ಹೊರಟುಹೋದರು. ಒಂದೇ ಜಗಲಿಯಲ್ಲಿ ಬೆಳೆದವರು ಮದುವೆಮನೆಗಳಲ್ಲಿ ಮಾತ್ರ ಭೇಟಿಯಾಗುವಂತಾಯಿತು. ನಾವು ಹತ್ತು ಹನ್ನೆರಡು ಮಂದಿ ಬಾಲ್ಯಮಿತ್ರರು ವಾಟ್ಸಾಪಿನಲ್ಲಿ ಒಂದು ಗುಂಪನ್ನು ಮಾಡಿಕೊಂಡಿದ್ದೆವು. ಆದರೆ ಅದರಲ್ಲಿ ಹಬ್ಬದ ಶುಭಾಶಯದ ಚಿತ್ರಗಳಲ್ಲದೆ ಬೇರೊಂದು ಬರುತ್ತಿರಲಿಲ್ಲ. ಈಗ ಕೆಲವು ಕಾಲದಿಂದ, ತಿಂಗಳಿಗೊಂದು ಹಳೆಯ ಆಟವನ್ನು ಗೊತ್ತುಮಾಡಿ, ಅವರವರ ಮನೆಯಲ್ಲಿ ಅವರವರು ಆಡುತ್ತ, ವಾರಕ್ಕೊಮ್ಮೆ ಫೋನಿನ ಪರದೆಯಲ್ಲಿ ಎಲ್ಲರೂ ಮುಖ ನೋಡಿ ಮಾತನಾಡುವ ಏರ್ಪಾಡು ನಡೆದಿದೆ. ಇಂತಹ ಕೂಟಗಳು ಲೋಕದ ನಾನಾ ದೇಶಗಳಲ್ಲಿವೆ, ನಮ್ಮದೇನೂ ಅಪೂರ್ವವಲ್ಲ. ಇದನ್ನು ನಡೆಯಿಸುವ ಬಗೆಯನ್ನು ತಿಳಿಯಬಯಸುವ ಸಂಸಾರಗಳಿಗೆ ಉಪಯೋಗವಾದೀತೆಂದು ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇವೆ.

ಮೊದಲು ಪೆಟ್ಟಿಗೆಯ ಪೂರ್ವಚರಿತ್ರೆ. ಜಪಾನಿನ ಕ್ಯೋಟೋ ನಗರದಲ್ಲಿ 1889ರಲ್ಲಿ ಹೂವಿನ ಚಿತ್ರಗಳ ಇಸ್ಪೀಟು ಎಲೆಗಳನ್ನು ಮಾಡಿ ಮಾರುವುದಕ್ಕಾಗಿ ಹುಟ್ಟಿದ ನಿಂಟೆಂಡೋ ಎಂಬ ಮನೆತನದ ಕಂಪನಿಯು, 1983ರಲ್ಲಿ ಫ್ಯಾಮಿಕಾಮ್ ಎಂಬ ಆಟದ ಯಂತ್ರವನ್ನು ಹೊರತಂದಿತು. ಅದೇ ಯಂತ್ರವು ಪಶ್ಚಿಮ ದೇಶಗಳಿಗೆ ಬೇರೆ ಹೆಸರಿನಲ್ಲಿ ಹೋಗಿ, ಒಟ್ಟು 6 ಕೋಟಿಗಿಂತ ಹೆಚ್ಚಾಗಿ ಮಾರಾಟವಾಯಿತು. ನಮ್ಮ ದೇಶದಲ್ಲಿ ಸಮುರಾಯ್ ಎಂಬ ಹೆಸರಿನಿಂದ ಅದು ಅಧಿಕೃತವಾಗಿಯೇ ಬಂದರೂ, ಮಧ್ಯಮ ವರ್ಗದ ಮನೆಗಳನ್ನು ಹೊಕ್ಕವು ಹೆಚ್ಚಾಗಿ ಅದರ ಅನುಕರಣಗಳೇ. ಲಿಟ್ಲ್ ಮಾಸ್ಟರ್ ಎಂಬ ಪೆಟ್ಟಿಗೆಯನ್ನು ಅನೇಕರು ನೆನೆಯುವರು. ಇವುಗಳ ಕ್ಯಾಸೆಟ್ಟುಗಳ ಮೇಲೆ ‘9999 ಆಟಗಳು’ ಎಂದು ಅಚ್ಚುಹಾಕಿರುತ್ತಿದ್ದರು. ಒಳಗೆ ಇರುತ್ತಿದ್ದುದು ಬೆರಳೆಣಿಕೆಯ ಆಟಗಳೇ. ಅವನ್ನೇ ಹೆಸರು ಬದಲಾಯಿಸಿ ಮತ್ತೆ ಮತ್ತೆ ಪಟ್ಟಿಮಾಡಿರುತ್ತಿದ್ದರು. ಆದರೂ ಮಕ್ಕಳು ಆ ಪಟ್ಟಿಯನ್ನು ಕಡೆಯತನಕ ಓದದೆ ಬಿಡುತ್ತಿರಲಿಲ್ಲ.

ಈ ಆಟಗಳು ಬಾಲಿಶವೆಂದೂ, ಹೋದರೆ ಹೋಗಲಿ ಎಂದೂ ಹೇಳುವ ಹಿರಿಯರುಂಟು. ಅವರಿಗೆ ನಾವು ಮೈಸೂರಿನತ್ತ ಬೆರಳು ತೋರುವೆವು. ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗವೇ ಮೊದಲಾದ ಮಣೆಯ ಆಟಗಳಲ್ಲಿ ವಿಶೇಷ ಆಸಕ್ತಿಯುಳ್ಳವರಾಗಿದ್ದು, ತಾವೇ ಹೊಸ ಆಟಗಳನ್ನು ಕಲ್ಪಿಸಿದರು. ಜಗನ್ಮೋಹನ ಅರಮನೆಯ ಗೋಡೆಗಳಲ್ಲಿ ಆಟದ ಮಣೆಗಳ ಚಿತ್ರಗಳುಂಟು. ಆದರೆ ಗೋಡೆಯ ಮೇಲಿನ ಮಣೆಯಲ್ಲಿ ಯಾರೂ ಆಡಲಾರರಷ್ಟೆ. ಅದೇ ನಗರದ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು 2007ರಿಂದ ‘ಕ್ರೀಡಾ ಕೌಶಲ್ಯ’ವೆಂಬ ಪ್ರದರ್ಶನಗಳನ್ನು ಏರ್ಪಡಿಸಿ, ಪಗಡೆ, ಚೌಕಾಬಾರ, ಅಳಗುಳಿಮಣೆ ಮುಂತಾದವನ್ನು ಹೊಸದಾಗಿ ಮಾಡಿಸಿ ಜನರ ಕೈಗಿತ್ತರು. ಮಣೆಯ ಆಟಕ್ಕೆ ಹೇಗೋ ವಿಡಿಯೋ ಆಟಕ್ಕೂ ಹಾಗೆಯೇ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ ಎಂಬ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ಪರಿಶೋಧನೆಯಂತೆ, ಆ ದೇಶದಲ್ಲಿ 2010ಕ್ಕೆ ಮೊದಲು ಹೊರಬಂದ ಹಳೆಯ ಆಟಗಳಲ್ಲಿ ನೂರಕ್ಕೆ 87ರಷ್ಟು ಇಂದು ಅಂಗಡಿಯಲ್ಲಿ ಕೊಳ್ಳಲು ಸಿಕ್ಕುವುದಿಲ್ಲ. ಕವಡೆಯು ನೂರು ವರ್ಷ ಬಾಳೀತು. ಕ್ಯಾಸೆಟ್ಟಿಗೆ ಅಷ್ಟು ಆಯುಸ್ಸಿಲ್ಲ.

ಇನ್ನು ಕೂಟದ ಕ್ರಮ. ಆಟವನ್ನು ಆರಿಸುವುದರಲ್ಲಿ ಅರ್ಧ ಕೆಲಸ ಮುಗಿಯುವುದು. ಎಲ್ಲರಿಗೂ ದೊರೆಯುವಂತಹದೂ, ಒಂದು ತಿಂಗಳಿಗೆ ಭಾಗಮಾಡಲು ಬರುವಂತಹದೂ ಆಗಿರಬೇಕು. 1985ರ ಸೂಪರ್ ಮಾರಿಯೋ ಬ್ರದರ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ 8 ಲೋಕಗಳು, ಲೋಕಕ್ಕೆ 4ರಂತೆ 32 ಘಟ್ಟಗಳು. ವಾರಕ್ಕೆ ಎರಡು ಲೋಕಗಳೆಂದರೆ ನಾಲ್ಕು ವಾರಕ್ಕೆ ಲೆಕ್ಕ ಸರಿಯಾಯಿತು. ಬಲ್ಲವರು ಇಲ್ಲಿ ಒಂದು ಆಕ್ಷೇಪವನ್ನು ತೆಗೆಯುವರು. ಎರಡನೆಯ ಘಟ್ಟದ ಕೊನೆಯಲ್ಲಿ ಚಾವಣಿಯ ಮೇಲೆ ಹತ್ತಿ ನಡೆದರೆ ಗುಪ್ತವಾದ ಕೊಳವೆಗಳು ಸಿಕ್ಕುವುವು. ಅವುಗಳಲ್ಲೊಂದನ್ನು ಹೊಕ್ಕು ನಾಲ್ಕನೆಯ ಲೋಕಕ್ಕೂ, ಅಲ್ಲಿಂದ ಇನ್ನೊಂದರಿಂದ ಎಂಟನೆಯದಕ್ಕೂ ಹಾರಬಹುದು. ಹೀಗೆ 32ರಲ್ಲಿ 8 ಘಟ್ಟಗಳನ್ನು ಮಾತ್ರ ಆಡಿ ಆಟವನ್ನು ಮುಗಿಸಲು ಸಾಧ್ಯ. ಮನೆಯಲ್ಲಿ ಒಬ್ಬನೇ ಆಡುವಾಗ ಇದು ಚಾತುರ್ಯ. ಕೂಟದಲ್ಲಿ ಮಾತ್ರ ನಿಷಿದ್ಧವೆಂದು ನಮ್ಮ ಮತ. ಏಕೆಂದರೆ, ಹಾರಿದವನಿಗೆ ಮಿಕ್ಕವರೊಡನೆ ಆಡಲು ಮಾತೇ ಉಳಿಯದು. ನಾಲ್ಕನೆಯ ಲೋಕದ ಕೋಟೆಯಲ್ಲಿ ದಾರಿ ತಪ್ಪಿದರೆ ಹೊರಟಲ್ಲಿಗೇ ತಿರುಗಿ ಬರುವೆವಷ್ಟೆ; ಆ ಕೋಟೆಯ ವಿಷಯವಾಗಿ ನಮ್ಮಲ್ಲಿ ಒಂದು ವಾರ ನಡೆದ ಚರ್ಚೆಯನ್ನು ಕೇಳಿದ್ದರೆ, ನ್ಯಾಯಾಲಯದ ವಾದಗಳು ಸಪ್ಪೆಯೆನಿಸುತ್ತಿದ್ದುವು.

ಎಲ್ಲರೂ ಒಂದೇ ಪ್ರತಿಯನ್ನು ಆಡುವುದೂ ಅವಶ್ಯ. ನಮ್ಮ ದೇಶದ ಹಳೆಯ ಟೀವಿಗಳು ಸೆಕೆಂಡಿಗೆ 50 ಸಲ ಚಿತ್ರವನ್ನು ಬರೆಯುತ್ತಿದ್ದುವು. ಅಮೆರಿಕದವು 60 ಸಲ. ಆಟದ ವೇಗವು ಇದನ್ನೇ ಅವಲಂಬಿಸಿದುದರಿಂದ, ಒಂದು ಕಡೆ ಸುಲಭವಾದ ನೆಗೆತ ಇನ್ನೊಂದು ಕಡೆ ಕಷ್ಟವಾಗಬಹುದು. ಬಂದೂಕು ಹಿಡಿದು ಬಾತುಗಳನ್ನು ಹೊಡೆಯುವ ಡಕ್ ಹಂಟ್ ಆಟವಂತೂ ಈಗಿನ ಚಪ್ಪಟೆ ಟೀವಿಯ ಮುಂದೆ ನಡೆಯುವುದೇ ಇಲ್ಲ. ಅದರ ಬಂದೂಕಿಗೆ ಹಳೆಯ ಗಾಜಿನ ಕೊಳವೆಯ ಟೀವಿಯೇ ಬೇಕು. ಇದನ್ನು ಮೊದಲೇ ವಿಚಾರಿಸದೆ ಆರಿಸಿದರೆ ಒಂದು ತಿಂಗಳೇ ವ್ಯರ್ಥ.

ಈಗ ಮುಖ್ಯವಾದ ಮಾತಿಗೆ ಬರೋಣ. ಇಂತಹ ಕೂಟಗಳು ಒಡೆಯುವುದು ಜಗಳದಿಂದಲ್ಲ, ವೇಗದಿಂದ. ಮೊದಲ ವಾರದಲ್ಲಿ ಎಲ್ಲರಿಗೂ ಉತ್ಸಾಹ. ಎರಡನೆಯ ವಾರಕ್ಕೆ ಇಬ್ಬರು ಆಟವನ್ನು ಪೂರೈಸಿಬಿಡುವರು. ಮೂರನೆಯ ವಾರದಲ್ಲಿ, ಇನ್ನೂ ಆರಂಭದಲ್ಲಿಯೇ ಇರುವವರು ನಾಚಿಕೊಂಡು ಬರುವುದನ್ನು ನಿಲ್ಲಿಸುವರು. ಅವರು ‘ಕೆಲಸ ಜಾಸ್ತಿ’ ಎನ್ನುವರು. ಯಾರೂ ಮತ್ತೆ ಕೇಳುವುದಿಲ್ಲ.

ಕಾಂಟ್ರಾ ಎಂಬ ಆಟವನ್ನು ಬಲ್ಲ ವಾಚಕರು ಇದನ್ನು ಬೇಗ ಅರಿಯುವರು. ಮೊದಲು 1987ರಲ್ಲಿ ನಾಣ್ಯ ಹಾಕಿ ಆಡುವ ಯಂತ್ರವಾಗಿಯೂ, ಮರುವರ್ಷ ಮನೆಯ ಪೆಟ್ಟಿಗೆಗೂ ಬಂದ ಈ ಆಟದಲ್ಲಿ ಇಬ್ಬರು ಸೈನಿಕರು ಜೊತೆಯಾಗಿ ಮುನ್ನಡೆಯಬೇಕು. ಘಟ್ಟಗಳು ಎಂಟು, ತಲೆಗೆ ಮೂರು ಲೈಫುಗಳು, ಒಂದು ಗುಂಡು ತಗುಲಿದರೆ ಒಂದು ಹೋಯಿತು. ಮೂರನೆಯದು ಜಲಪಾತದ ಘಟ್ಟ. ಅಲ್ಲಿ ಬಂಡೆಯಿಂದ ಬಂಡೆಗೆ ನೆಗೆಯುತ್ತ ಮೇಲೇರಬೇಕು. ಮುಂದಿನವನು ಏರಿದಂತೆಲ್ಲ ಚಿತ್ರವೂ ಮೇಲೇರುವುದು. ಕೆಳಗೆ ಉಳಿದವನು ಪರದೆಯ ಅಂಚಿನಿಂದ ಜಾರಿ ಸಾಯುವನು. ಶತ್ರುವಿನ ಗುಂಡಿಲ್ಲದೆ, ಕೇವಲ ಗೆಳೆಯನ ಅವಸರದಿಂದಲೇ ಸಾಯುವ ಘಟ್ಟವದು. ಎಷ್ಟೋ ಅಣ್ಣತಮ್ಮಂದಿರು ಆ ಜಲಪಾತದ ಮುಂದೆ ಕೈಕೈ ಮಿಲಾಯಿಸಿದ್ದುಂಟು.

ನಮ್ಮಲ್ಲೊಬ್ಬರು, ಹೆಸರು ಬೇಡ, ತಂದೆಯ ಕಾಲದ ಕಾಗದದ ಅಂಗಡಿಯನ್ನು ಮುಚ್ಚಿದ ಬಳಿಕ ಯಾರೊಡನೆಯೂ ಹೆಚ್ಚು ಮಾತನಾಡದೆ ಇದ್ದರು. ಕಾಂಟ್ರಾದ ತಿಂಗಳಿನಲ್ಲಿ ಎರಡನೆಯ ಘಟ್ಟವನ್ನು ದಾಟಲಾರದೆ, ಭಾನುವಾರದ ಮಾತುಕತೆಗೂ ಬಾರದೆ ನಿಂತುಬಿಟ್ಟರು. ಆಗ ನಮ್ಮ ಪೈಕಿ ಆಟದಲ್ಲಿ ಎಲ್ಲರಿಗಿಂತ ನಿಪುಣರಾದ ಮಿತ್ರರೊಬ್ಬರು ಅವರಿಗೆ ಫೋನು ಮಾಡಿ, “ಏನಯ್ಯಾ, ಎರಡನೆಯ ಹಿಡಿ ಖಾಲಿ ಬಿದ್ದಿದೆ, ಬಾರಯ್ಯಾ” ಎಂದರಂತೆ. “ನಾನು ಬಂದರೆ ನಿನ್ನ ಲೈಫೂ ಹೋಗುತ್ತೆ ಕಣೋ” ಎಂದು ಉತ್ತರ. “ಹೋಗಲಿ ಬಿಡು, ಮೂವತ್ತು ಹಾಕ್ಕೊಂಡೇ ಬರ್ತೀನಿ” ಎಂದು ಇವರು. ಆಟದ ಆರಂಭದಲ್ಲಿ ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಎಂದು ಗುಂಡಿಗಳನ್ನು ಒತ್ತಿದರೆ ಮೂರಕ್ಕೆ ಬದಲಾಗಿ ಮೂವತ್ತು ಲೈಫುಗಳು ಬರುವುದೆಂಬುದು ಜಗತ್ಪ್ರಸಿದ್ಧವಾದ ಗುಟ್ಟು. ಇಬ್ಬರೂ ಸೇರಿ ಜಲಪಾತವನ್ನು ಒಂದೊಂದೇ ಬಂಡೆಯಾಗಿ, ಒಬ್ಬರನ್ನೊಬ್ಬರು ಕಾಯುತ್ತ ಏರಿದರು. ಬಲ್ಲವನು ಅರ್ಧ ಗಂಟೆಯಲ್ಲಿ ಮುಗಿಸಬಹುದಾದ ಆಟಕ್ಕೆ ಅವರಿಗೆ ನಾಲ್ಕು ರಾತ್ರಿಗಳು ಹಿಡಿದುವು. ಕೋಡನ್ನು ಉಪಯೋಗಿಸಿದ್ದು ಅನ್ಯಾಯವೆಂದು ಒಬ್ಬರು ಆಕ್ಷೇಪಿಸಿದಾಗ, ಅಂಗಡಿಯ ಮಿತ್ರರು ಅವರೊಡನೆ ಮುಕ್ಕಾಲು ಗಂಟೆ ವಾದಮಾಡಿದರು. ಅವರ ಧ್ವನಿಯನ್ನು ಅಷ್ಟು ಹೊತ್ತು ನಾವು ಕೇಳಿ ಬಹಳ ದಿನಗಳಾಗಿದ್ದುವು.

ಅಂದಿನಿಂದ ನಮ್ಮಲ್ಲಿ ಒಂದು ಪದ್ಧತಿ ಬಿದ್ದಿದೆ. ಮೊದಲು ಮುಗಿಸಿದವರಿಗೆ ಬಹುಮಾನವಿಲ್ಲ. ಅವರಿಗೆ ಒಂದು ಜವಾಬ್ದಾರಿ ಮಾತ್ರ, ಎಲ್ಲರಿಗಿಂತ ಹಿಂದಿರುವವರ ಜೊತೆಯಾಗುವುದು. ಮುಂದಿನ ಘಟ್ಟಗಳ ಸುದ್ದಿಯನ್ನು ಆ ವಾರ ಕಳೆಯುವವರೆಗೆ ಯಾರೂ ಎತ್ತಕೂಡದು. ಕೂಟದ ಕಾರ್ಯದರ್ಶಿಯಾದವರು ಚೆನ್ನಾಗಿ ಆಡಬಲ್ಲವರಾಗಬೇಕಾದುದಿಲ್ಲ. ಗುರುವಾರದ ಸಾಯಂಕಾಲ ಮೂರು ನಾಲ್ಕು ಮನೆಗಳಿಗೆ ಫೋನುಮಾಡಿ ‘ಎಲ್ಲಿಗೆ ಬಂತು?’ ಎಂದು ವಿಚಾರಿಸುವ ತಾಳ್ಮೆಯುಳ್ಳವರಾದರೆ ಸಾಕು. ಈ ಕೆಲಸವನ್ನು ನಮ್ಮ ಕೂಟದಲ್ಲಿ ಸದಸ್ಯರೊಬ್ಬರ ಮನೆಯಾಕೆ ವಹಿಸಿಕೊಂಡಿದ್ದಾರೆ. ಅವರು ಒಂದು ಆಟವನ್ನೂ ಆಡುವುದಿಲ್ಲ. ಯಾರು ಯಾವ ಘಟ್ಟದಲ್ಲಿರುವರೆಂಬುದನ್ನು ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದಿಡುತ್ತಾರೆ.

ಸಾಮಗ್ರಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಹಳೆಯ ಪೆಟ್ಟಿಗೆಗೆ ತಂತಿ, ಅಡಾಪ್ಟರು, ಹೊಸ ಟೀವಿಗೆ ಹೊಂದಿಸುವ ಸಾಧನ ಮುಂತಾದುವು ಸಮೀಪದ ಎಸ್.ಪಿ. ರಸ್ತೆಯಲ್ಲಿ ದೊರೆಯುವುವು, ಕೊಳ್ಳುವ ಮೊದಲು ಹಳೆಯ ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟಿನ ಅಂಕಿಯನ್ನು ನೋಡಿಕೊಂಡು ಹೋಗತಕ್ಕುದು. ಕ್ಯಾಸೆಟ್ಟು ಹತ್ತದಿದ್ದರೆ ಬಾಯಿಂದ ಊದುವ ಹಳೆಯ ಅಭ್ಯಾಸವನ್ನು ಬಿಡಬೇಕು. ಉಸಿರಿನ ತೇವದಿಂದ ಒಳಗಿನ ಲೋಹದ ಪಟ್ಟಿಗಳು ಕಿಲುಬು ಹಿಡಿಯುವುವು. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒರಸಿ, ಚೆನ್ನಾಗಿ ಆರಿದ ಮೇಲೆ ಸಿಕ್ಕಿಸಬೇಕು.

ಪೆಟ್ಟಿಗೆಯಿಲ್ಲದವರು ಕಂಪ್ಯೂಟರಿನಲ್ಲಿ ಆಡಬಹುದು. ಹಳೆಯ ಯಂತ್ರದಂತೆಯೇ ವರ್ತಿಸುವ ಎಮ್ಯುಲೇಟರು ಎಂಬ ಕಾರ್ಯಕ್ರಮಗಳುಂಟು. ಅವುಗಳನ್ನು ಇಟ್ಟುಕೊಳ್ಳುವುದು ಬೇರೆ, ಇತರರ ಆಟಗಳನ್ನು ಪುಕ್ಕಟೆಯಾಗಿ ಹಂಚಿಕೊಳ್ಳುವುದು ಬೇರೆ. ನಮ್ಮ ದೇಶದ 1957ರ ಕೃತಿಸ್ವಾಮ್ಯದ ಕಾಯಿದೆಯು, ನ್ಯಾಯವಾಗಿ ಪ್ರತಿಯನ್ನು ಪಡೆದವನು ನಷ್ಟದ ರಕ್ಷಣೆಗೆಂದು ತನಗಾಗಿ ನಕಲಿಟ್ಟುಕೊಳ್ಳಲು ಅವಕಾಶವಿತ್ತಿದೆಯಲ್ಲದೆ ನೆರೆಮನೆಗೆ ಹಂಚಲು ಇತ್ತಿಲ್ಲ. ಬಾಲ್ಯದ ಕ್ಯಾಸೆಟ್ಟುಗಳಲ್ಲಿ ಹೆಚ್ಚಿನವು ಕಳ್ಳ ನಕಲುಗಳೇ ಆಗಿದ್ದುವೆಂದು ನಗುವವರು ನಗಲಿ. ಈಗ ಸಂಪಾದಿಸುವ ವಯಸ್ಸಿನವರು ದುಡ್ಡುಕೊಟ್ಟು ಆಡಬಹುದಾದ ಆಟವನ್ನೇ ಆರಿಸುವುದು ಮರ್ಯಾದೆ. ಕಾಂಟ್ರಾದ ಹಳೆಯ ಆಟಗಳನ್ನು ಅದರ ಒಡೆಯರಾದ ಕೊನಾಮಿಯವರೇ 2019ರಲ್ಲಿ ಒಂದು ಸಂಪುಟವಾಗಿ ಹೊರತಂದರು. ಅದೇ ವರ್ಷ ಸ್ಟೀಮ್ ಎಂಬ ಮಾರಾಟದ ವ್ಯವಸ್ಥೆಯಲ್ಲಿ, ಒಬ್ಬನು ಕೊಂಡ ಆಟವನ್ನು ದೂರದ ಮಿತ್ರನೊಡನೆ ಒಂದೇ ಪರದೆಯ ಮುಂದೆ ಕುಳಿತಂತೆ ಆಡುವ ಸೌಕರ್ಯವೂ ಬಂದಿತು. ನಮ್ಮ ಮಿತ್ರರಿಬ್ಬರೂ ಜಲಪಾತವನ್ನು ಏರಿದುದು ಹೀಗೆಯೇ. ಸಮುದ್ರದಾಚೆಯವರೊಡನೆ ಆಡುವಾಗ ಗುಂಡಿ ಒತ್ತಿದ್ದಕ್ಕೂ ಸೈನಿಕ ನೆಗೆಯುವುದಕ್ಕೂ ನಡುವೆ ಒಂದು ಕ್ಷಣ ತಡವಾಗುವುದುಂಟು, ಅದಕ್ಕೆ ಉಪಾಯವಿಲ್ಲ. ಜೋಡಿಗಳನ್ನು ಆದಷ್ಟು ಒಂದೇ ಊರಿನವರಲ್ಲಿ ಮಾಡುವುದು ಲೇಸು.

ಮಕ್ಕಳ ವಿಚಾರವಾಗಿ ತಾಯಂದಿರು ಕೇಳುವರು. ಕೂಟದ ಆಟಕ್ಕೆ ವಾರದ ಅಳತೆಯಿರುವುದರಿಂದ ನಿಲ್ಲಿಸುವ ಸ್ಥಳವೂ ತಾನಾಗಿ ಗೊತ್ತಾಗಿರುವುದು. ಈಗಿನ ಮೊಬೈಲಿನ ಅನೇಕ ಆಟಗಳಿಗೆ ಅಂತಹ ಕೊನೆಯೆಂಬುದೇ ಇಲ್ಲ. ನಮ್ಮ ಮನೆಗಳ ಮಕ್ಕಳು ಹಳೆಯ ಆಟದ ಚಿತ್ರಗಳನ್ನು ನೋಡಿ ಮೊದಲು ನಗುವರು, ಬಳಿಕ ಮೊದಲನೆಯ ಗುಂಡಿಯಲ್ಲಿಯೇ ಬಿದ್ದು ಸುಮ್ಮನಾಗುವರು.

ನಮ್ಮ ಸಭೆಯು ಭಾನುವಾರ ಬೆಳಿಗ್ಗೆ 8 ಗಂಟೆಗೆ. ನ್ಯೂಯಾರ್ಕಿನ ಕಡೆಯವರಿಗೆ ಅದು ಬೇಸಗೆಯಲ್ಲಿ ಶನಿವಾರ ರಾತ್ರಿ ಹತ್ತೂವರೆ, ಅಲ್ಲಿ ಗಡಿಯಾರವನ್ನು ಹಿಂದಿಡುವ ಚಳಿಗಾಲದಲ್ಲಿ ಒಂಬತ್ತೂವರೆ. ಇಲ್ಲಿಯವರು ಕಾಫಿಯ ಲೋಟವನ್ನೂ ಅಲ್ಲಿಯವರು ಮಲಗುವ ಮುಂಚಿನ ಹಾಲನ್ನೂ ಹಿಡಿದು ಕೂಡುತ್ತಾರೆ. ಈ ತಿಂಗಳು ಮತ್ತೆ ಮಾರಿಯೋ. ಕಾಗದದ ಅಂಗಡಿಯ ಮಿತ್ರರು ನಾಲ್ಕನೆಯ ಲೋಕದ ಕೋಟೆಯಲ್ಲಿ ಸುತ್ತುತ್ತಿದ್ದಾರೆ, ಎಂಟನೆಯದನ್ನು ಮುಗಿಸಿದವರಿಬ್ಬರು ಮೇಲಿನ ದಾರಿಯೋ ಕೆಳಗಿನ ದಾರಿಯೋ ಎಂಬುದನ್ನು ಹೇಳದೆ ಬಾಯಿ ಬಿಗಿಹಿಡಿದಿದ್ದಾರೆ.