ಗಟ್ಟಿಯಾಗಿರುವಾಗಲೇ ಕಳಚಬೇಕು

2025ರ ಜನವರಿ 5ರಂದು ಗುಜರಾತಿನ ಪೋರಬಂದರಿನಲ್ಲಿ ಕರಾವಳಿ ಕಾವಲು ಪಡೆಯ ಧ್ರುವ್ ಹೆಲಿಕಾಪ್ಟರೊಂದು ನೆಲಕ್ಕೆ ಬಿದ್ದು ಮೂವರು ಪ್ರಾಣ ಕಳೆದುಕೊಂಡರು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ರೂಪುಗೊಂಡು, 1992ರ ಆಗಸ್ಟ್ 20ರಂದು ಮೊದಲ ಸಲ ಹಾರಿದ, 2002ರಿಂದ ನಮ್ಮ ಪಡೆಗಳ ಸೇವೆಯಲ್ಲಿರುವ ಯಂತ್ರ ಇದು. ರೋಟರಿನ ಬುಡದಲ್ಲಿರುವ ಸ್ವಾಶ್‌ಪ್ಲೇಟ್ ಎಂಬ ಭಾಗ ಮುರಿದದ್ದು ತನಿಖೆಯಲ್ಲಿ ಕಂಡಿತು. ಅಷ್ಟಕ್ಕೆ ದೇಶದಲ್ಲಿದ್ದ ಸುಮಾರು 330 ಧ್ರುವ್‌ಗಳ ಹಾರಾಟ ನಿಂತುಹೋಯಿತು. ಸುದ್ದಿ ಓದಿದ ಯಾರಿಗಾದರೂ ಒಂದು ಪ್ರಶ್ನೆ ಏಳುತ್ತದೆ. ಒಂದು ಯಂತ್ರದ ಒಂದು ಭಾಗ ಮುರಿದರೆ, ಉಳಿದ ಯಂತ್ರಗಳಲ್ಲಿ ನೋಡಲು ಚೆನ್ನಾಗಿಯೇ ಇರುವ ಭಾಗವನ್ನು ಏಕೆ ಅನುಮಾನಿಸಬೇಕು? ಹಾಗೆ ನೋಡಿದರೆ, ಗಂಟೆ ಲೆಕ್ಕ ಮುಗಿಯಿತೆಂದು ಹೆಲಿಕಾಪ್ಟರಿನ ಭಾಗಗಳನ್ನು ಕಡ್ಡಾಯವಾಗಿ ಕಳಚಿ ಗುಜರಿಗೆ ಹಾಕುವ ನಿಯಮವಾದರೂ ಏಕೆ? ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿ ಕಡೆಯ ರೈತ ಟ್ರ್ಯಾಕ್ಟರಿನ ಬೇರಿಂಗು ಸದ್ದು ಮಾಡುವತನಕ ಅದನ್ನು ಬದಲಿಸುವುದಿಲ್ಲ. ಸದ್ದು ಬಂದಮೇಲೂ ಸುಗ್ಗಿ ಮುಗಿಯಲೆಂದು ಕಾಯುತ್ತಾನೆ. ಅದರಲ್ಲಿ ತಪ್ಪೇನೂ ಇಲ್ಲ. ಮುರಿದರೆ ಟ್ರ್ಯಾಕ್ಟರು ಹೊಲದ ಬದುವಿನ ಮೇಲೆ ನಿಲ್ಲುತ್ತದೆ, ಅಷ್ಟೆ. ಹೆಲಿಕಾಪ್ಟರಿಗೆ ಬದುವಿಲ್ಲ. ಆದರೆ ಎತ್ತರವೊಂದೇ ಉತ್ತರವಲ್ಲ. ಲೋಹ ಹೇಗೆ ಸಾಯುತ್ತದೆ ಎಂಬುದರಲ್ಲಿ ಅಸಲು ಉತ್ತರವಿದೆ.

ಮೊದಲು ಸ್ವಾಶ್‌ಪ್ಲೇಟಿನ ಕೆಲಸ ನೋಡೋಣ. ಒಂದರ ಮೇಲೊಂದು ಕೂತ ಎರಡು ತಟ್ಟೆಗಳು. ಕೆಳಗಿನದು ತಿರುಗುವುದಿಲ್ಲ, ಮೇಲಿನದು ರೆಕ್ಕೆಗಳ ಜೊತೆ ತಿರುಗುತ್ತದೆ, ನಡುವೆ ಬೇರಿಂಗು. ಪೈಲಟ್ ಹಿಡಿಕೆಯನ್ನು ಓರೆ ಮಾಡಿದರೆ ತಟ್ಟೆಗಳು ಓರೆಯಾಗುತ್ತವೆ, ಆ ಓರೆ ಸಣ್ಣ ಸರಳುಗಳ ಮೂಲಕ ಪ್ರತಿ ರೆಕ್ಕೆಯ ಕೋನವನ್ನು ಬದಲಿಸುತ್ತದೆ. ಧ್ರುವ್‌ನ ರೋಟರು 13.2 ಮೀಟರ್ ಅಗಲ. ನಿಮಿಷಕ್ಕೆ 300 ಸುತ್ತು ಎಂದು ಹಿಡಿದರೆ ರೆಕ್ಕೆಯ ತುದಿ ಗಂಟೆಗೆ ಸುಮಾರು 745 ಕಿಲೋಮೀಟರ್ ವೇಗದಲ್ಲಿ ಗಾಳಿಯನ್ನು ಸೀಳುತ್ತದೆ. ಹೆಲಿಕಾಪ್ಟರು 250 ಕಿಲೋಮೀಟರ್ ವೇಗದಲ್ಲಿ ಮುಂದೆ ಸಾಗುತ್ತಿದ್ದರೆ, ಮುಂದಕ್ಕೆ ಬೀಸುವ ರೆಕ್ಕೆಯ ತುದಿಗೆ 995ರ ಗಾಳಿ, ಹಿಂದಕ್ಕೆ ಬೀಸುವುದಕ್ಕೆ 495ರ ಗಾಳಿ. ಎತ್ತುವ ಬಲ ವೇಗದ ವರ್ಗಕ್ಕೆ ಅನುಗುಣವಾದ್ದರಿಂದ ಒಂದು ಮಗ್ಗುಲು ಇನ್ನೊಂದರ ನಾಲ್ಕು ಪಟ್ಟು ಎತ್ತಬೇಕಾಗಿತ್ತು, ಹೆಲಿಕಾಪ್ಟರು ಮಗುಚಬೇಕಾಗಿತ್ತು. ಹಾಗಾಗದಂತೆ ಪ್ರತಿ ಸುತ್ತಿನಲ್ಲೂ ರೆಕ್ಕೆಯ ಕೋನ ಒಮ್ಮೆ ಹಿಗ್ಗಬೇಕು, ಒಮ್ಮೆ ಕುಗ್ಗಬೇಕು. ಹಾಗಾಗಿ ಸರಳು, ಬೇರಿಂಗು, ತಟ್ಟೆ, ರೆಕ್ಕೆಯ ಬುಡ, ಇವೆಲ್ಲ ಸುತ್ತಿಗೊಮ್ಮೆ ಜಗ್ಗಿಸಿಕೊಂಡು ಸಡಿಲಗೊಳ್ಳುತ್ತವೆ. ಗಂಟೆಗೆ 18,000 ಸಲ. 1,000 ಗಂಟೆ ಹಾರಿದರೆ 1.8 ಕೋಟಿ ಸಲ. ನಮ್ಮ ಊರಿನ ಯಾವ ಎತ್ತಿನ ಬಂಡಿಯ ಅಚ್ಚೂ ತನ್ನ ಜೀವಮಾನದಲ್ಲಿ ಅಷ್ಟು ಸುತ್ತು ಕಂಡಿರುವುದು ಕಷ್ಟ.

ಹೀಗೆ ಜಗ್ಗಿ ಬಿಡುವುದರಿಂದಲೇ ಲೋಹ ದಣಿದು ಮುರಿಯುತ್ತದೆ ಎಂದು ಮನುಷ್ಯರು ಕಲಿತದ್ದು ರೈಲಿನ ಅಚ್ಚುಗಳಿಂದ. 1842ರ ಮೇ 8ರಂದು ಫ್ರಾನ್ಸಿನ ವರ್ಸೈಯಿಂದ ಪ್ಯಾರಿಸ್ಸಿಗೆ ಮರಳುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು, ಡಬ್ಬಿಗಳು ಒಂದರ ಮೇಲೊಂದು ಏರಿ ಬೆಂಕಿ ಹೊತ್ತಿ ಐವತ್ತಕ್ಕೂ ಹೆಚ್ಚು ಜನ ಸತ್ತರು. ಆ ಅಚ್ಚು ಅದೇ ಭಾರವನ್ನು ಅದುವರೆಗೂ ಹೊತ್ತೇ ಓಡಿತ್ತು, ಹಾಗಿರುವಾಗ ಅವತ್ತೇ ಏಕೆ ಮುರಿಯಿತು? ಓಡಿ ಓಡಿ ಕಬ್ಬಿಣ ಒಳಗೊಳಗೇ ಹರಳಾಗಿಬಿಡುತ್ತದೆ ಎಂದು ಆಗಿನವರು ನಂಬಿದ್ದರು. ಬ್ರಿಟನ್ನಿನ ವಿಲಿಯಂ ರ‍್ಯಾಂಕಿನ್ ಮಾರನೆಯ ವರ್ಷವೇ ಮುರಿದ ಅಚ್ಚುಗಳನ್ನು ನೋಡಿ, ಚೂಪಾದ ಮೂಲೆಯಲ್ಲಿ ಹುಟ್ಟಿದ ಬಿರುಕು ಮೆಲ್ಲಮೆಲ್ಲಗೆ ಬೆಳೆದಿದೆ ಎಂದು ತೋರಿಸಿದ. ಆಮೇಲೆ ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ 1850ರ ದಶಕದಿಂದ 1870ರವರೆಗೆ ಒಂದೇ ಹಟ ಹಿಡಿದು ಅಚ್ಚುಗಳನ್ನು ಯಂತ್ರಕ್ಕೆ ಕಟ್ಟಿ, ಬಗ್ಗಿಸಿ ತಿರುಗಿಸಿ, ಎಷ್ಟು ಸುತ್ತಿಗೆ ಮುರಿಯುತ್ತವೆ ಎಂದು ಎಣಿಸಿದ. ಒಂದೇ ಸಲ ಎಳೆದರೆ ಮುರಿಯದ ಭಾರವೂ ಲಕ್ಷಾಂತರ ಸಲ ಬಿದ್ದೆದ್ದರೆ ಮುರಿಯುತ್ತದೆ. ಭಾರದ ಗರಿಷ್ಠಕ್ಕಿಂತ ಅದರ ಏರಿಳಿತದ ಅಂತರ ಮುಖ್ಯ. ವೋಲರ್ ಕಂಡ ಇನ್ನೊಂದು ಸಂಗತಿ ಇಂದಿಗೂ ನಮ್ಮನ್ನು ಕಾಯುತ್ತಿದೆ. ಉಕ್ಕಿನಲ್ಲಿ ಏರಿಳಿತ ಒಂದು ಮಟ್ಟಕ್ಕಿಂತ ಕಡಿಮೆ ಇದ್ದರೆ ಅದು ಹೆಚ್ಚುಕಡಿಮೆ ಕೊನೆಯಿಲ್ಲದೆ ಬಾಳುತ್ತದೆ. ಅಲ್ಯೂಮಿನಿಯಂ ಮಿಶ್ರಲೋಹಗಳಲ್ಲಿ ಅಂಥ ಸ್ಪಷ್ಟ ಮಟ್ಟವಿಲ್ಲ ಎಂದು ಮುಂದಿನವರು ಕಂಡುಕೊಂಡರು. ಏರಿಳಿತ ಎಷ್ಟೇ ಸಣ್ಣದಿರಲಿ, ಎಣಿಕೆ ಸಾಗುತ್ತಲೇ ಇರುತ್ತದೆ.

ವೋಲರ್‌ಗಿಂತ ಮೊದಲೇ ಈ ದಣಿವನ್ನು ಎಣಿಸಲು ಹೊರಟವನೊಬ್ಬನಿದ್ದ, ಅವನ ಕತೆ ರಾಯಚೂರು ಜಿಲ್ಲೆಯವರಿಗೆ ಹತ್ತಿರದ್ದು. ಜರ್ಮನಿಯ ಹಾರ್ಟ್ಸ್ ಬೆಟ್ಟಗಳ ಕ್ಲೌಸ್ಟಾಲ್ ಗಣಿಯ ಅಧಿಕಾರಿ ವಿಲ್ಹೆಲ್ಮ್ ಆಲ್ಬರ್ಟ್, ಗಣಿಯೊಳಗೆ ಇಳಿಬಿಡುವ ಕಬ್ಬಿಣದ ಸರಪಣಿಗಳು ಹಠಾತ್ತನೆ ಹರಿಯುವುದನ್ನು ನೋಡಿ, 1829ರ ಸುಮಾರಿಗೆ ಸರಪಣಿಗೆ ಮತ್ತೆ ಮತ್ತೆ ಭಾರ ಹಾಕಿ ಇಳಿಸಿ ಪರೀಕ್ಷಿಸಿದ. ಆ ಚಿಂತೆಯಿಂದಲೇ 1834ರಲ್ಲಿ ಅವನು ಕಬ್ಬಿಣದ ತಂತಿಗಳನ್ನು ಹೊಸೆದು ಹಗ್ಗ ಮಾಡಿದ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ಮಲ್ಲಪ್ಪ ಶಾಫ್ಟಿನಂಥ ಆಳದ ಬಾಯಿಗಳಿಗೆ ಕಾರ್ಮಿಕರನ್ನು ಇಳಿಸಿ ಎತ್ತುವ ಹಗ್ಗ ಆ ಹಗ್ಗದ ಸಂತತಿಯದೇ. ಸರಪಣಿಗೂ ಹಗ್ಗಕ್ಕೂ ಇರುವ ವ್ಯತ್ಯಾಸದಲ್ಲಿ ಈ ಲೇಖನದ ತಿರುಳೆಲ್ಲ ಇದೆ. ಸರಪಣಿಯಲ್ಲಿ ಒಂದು ಕೊಂಡಿ ಹೋದರೆ ಎಲ್ಲವೂ ಹೋಯಿತು. ಹಗ್ಗದಲ್ಲಿ ನೂರಾರು ಎಳೆಗಳಿವೆ. ಒಂದು ಹರಿದರೆ ಅದರ ಪಾಲಿನ ಭಾರವನ್ನು ಉಳಿದವು ಹೊರುತ್ತವೆ, ಹರಿದ ಎಳೆ ಹೊರಗೆ ಚುಚ್ಚಿಕೊಂಡು ಬಂದು ಕೈಗೆ ತಗಲುತ್ತದೆ. ಹಗ್ಗ ಸಾಯುವ ಮೊದಲು ಹೇಳಿ ಸಾಯುತ್ತದೆ. ಅಷ್ಟಾದರೂ ಗಣಿ ಕಾನೂನು ಅದನ್ನು ಕಣ್ಣಳತೆಯ ಮೇಲೆ ನಂಬುವುದಿಲ್ಲ. ನಿಗದಿತ ಅವಧಿಗೆ ಹಗ್ಗದ ತುದಿಯನ್ನು ಕತ್ತರಿಸಿ, ಎಳೆ ಬಿಚ್ಚಿ, ಒಳಗೆ ತುಕ್ಕು, ಸವೆತ ಇದೆಯೇ ಎಂದು ನೋಡಬೇಕು. ಆಮೇಲೆ ಹೊಸದಾಗಿ ಕಟ್ಟಬೇಕು. ಹೇಳಿ ಸಾಯುವ ಹಗ್ಗಕ್ಕೇ ಇಷ್ಟು ಎಚ್ಚರ. ಒಂದೇ ಗಟ್ಟಿಯಿಂದ ಕಡೆದ ಸ್ವಾಶ್‌ಪ್ಲೇಟಾಗಲಿ ಗೇರಾಗಲಿ ಒಂಟಿ ಎಳೆಯ ಹಗ್ಗ. ಅದರ ತುದಿ ಕತ್ತರಿಸಿ ಒಳಗೆ ನೋಡಿ ಮತ್ತೆ ಜೋಡಿಸಲು ಬರುವುದಿಲ್ಲ. ಬಿರುಕು ಬರಿಗಣ್ಣಿಗೆ ಕಾಣುವ ಹೊತ್ತಿಗೆ ಉಳಿದ ಆಯುಷ್ಯ ಕೆಲವೇ ಗಂಟೆಗಳದ್ದಿರಬಹುದು.

ಹಾಗಾಗಿಯೇ ಎಂಜಿನಿಯರುಗಳು ಅದಕ್ಕೆ ಮೊದಲೇ ಆಯುಷ್ಯ ಬರೆದಿಡುತ್ತಾರೆ. ಒಂದೇ ಲೋಹದಿಂದ, ಒಂದೇ ಯಂತ್ರದಲ್ಲಿ ಮಾಡಿದ ಹತ್ತು ಭಾಗಗಳನ್ನು ಪರೀಕ್ಷೆಗೆ ಕಟ್ಟಿದರೆ ಹತ್ತೂ ಬೇರೆ ಬೇರೆ ಹೊತ್ತಿಗೆ ಮುರಿಯುತ್ತವೆ. ಮೊದಲು ಮುರಿದದ್ದಕ್ಕೂ ಕೊನೆಗೆ ಮುರಿದದ್ದಕ್ಕೂ ಅನೇಕ ಪಟ್ಟು ಅಂತರವಿರಬಹುದು. ಒಳಗಿನ ಒಂದು ಕಲ್ಮಷದ ಕಣ, ಮೇಲ್ಮೈಯ ಒಂದು ಗೀರು ಸಾಕು. ಸರಾಸರಿಯ ಮೇಲೆ ಆಯುಷ್ಯ ಬರೆದರೆ ಅರ್ಧದಷ್ಟು ಭಾಗಗಳು ಅದಕ್ಕೆ ಮೊದಲೇ ಗಾಳಿಯಲ್ಲಿ ಮುರಿಯುತ್ತವೆ. ಆದ್ದರಿಂದ ಎಲ್ಲಕ್ಕಿಂತ ದುರ್ಬಲವಾಗಿರಬಹುದಾದ ಭಾಗವನ್ನು ಲೆಕ್ಕಕ್ಕೆ ಹಿಡಿದು, ಅದಕ್ಕಿಂತಲೂ ಕೆಳಗೆ ಗೆರೆ ಎಳೆಯುತ್ತಾರೆ. ಭಾಗದ ಲಾಗ್ ಕಾರ್ಡಿನಲ್ಲಿ ಹಾರಿದ ಪ್ರತಿ ಗಂಟೆಯೂ ಜಮೆಯಾಗುತ್ತದೆ, ಗೆರೆ ಮುಟ್ಟಿದ ದಿನ ಅದು ಕೆಳಗಿಳಿಯಬೇಕು. ನಾಗರಿಕ ಹೆಲಿಕಾಪ್ಟರುಗಳಿಗೆ ಡಿಜಿಸಿಎ, ಸೇನೆಯವಕ್ಕೆ ಬೆಂಗಳೂರಿನ ಸೆಮಿಲಾಕ್ ಈ ಹಾರಾಟಯೋಗ್ಯತೆಯ ಹೊಣೆ ಹೊತ್ತಿವೆ. ಹೀಗೆ ಇಳಿದ ಭಾಗಗಳಲ್ಲಿ ಬಹುಪಾಲು ಇನ್ನೂ ಗಟ್ಟಿಯಾಗಿಯೇ ಇರುತ್ತವೆ ಎಂಬ ಮಾತು ಪೂರ್ತಿ ನಿಜ. ಅದನ್ನು ವ್ಯರ್ಥ ಎನ್ನುವವರು ಲೆಕ್ಕವನ್ನು ತಲೆಕೆಳಗು ಹಿಡಿದಿದ್ದಾರೆ. ಇಳಿದ ಭಾಗಗಳೆಲ್ಲ ಮುರಿಯುವ ಅಂಚಿನಲ್ಲಿ ಕಂಡರೆ ಗೆರೆಯನ್ನು ತಪ್ಪಾಗಿ ಎಳೆಯಲಾಗಿದೆ ಎಂದೇ ಅರ್ಥ. ಯಾವುದು ದುರ್ಬಲ ಎಂದು ಗುರುತಿಸಲಾಗದ ಕಡೆ, ದುರ್ಬಲವಾದ ಒಂದನ್ನು ಇಳಿಸಲು ಗಟ್ಟಿಯಾದ ಹಲವನ್ನು ಇಳಿಸುವುದೇ ದಾರಿ.

ಇದಕ್ಕೊಂದು ಆಕ್ಷೇಪವಿದೆ: ಇದು ಸಂವೇದಕಗಳ ಕಾಲ, ಕಂಪನ ಆಲಿಸುವ, ಎಣ್ಣೆಯಲ್ಲಿ ತೇಲುವ ಲೋಹದ ಚೂರು ಹಿಡಿಯುವ ಸಾಧನಗಳಿರುವಾಗ ಗಂಟೆ ಲೆಕ್ಕ ಹಳೆಯ ಕಾಲದ್ದಲ್ಲವೇ? ಈ ಸಾಧನಗಳು ಬೇಕು, ಅನೇಕ ಜೀವ ಉಳಿಸಿವೆ. ಆದರೆ ಅವನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ನಾರ್ವೆಯ ತುರೋಯ್ ದ್ವೀಪದ ಘಟನೆ ಸಾಕ್ಷಿ. 2016ರ ಏಪ್ರಿಲ್ 29ರಂದು ಸಮುದ್ರದ ತೈಲ ವೇದಿಕೆಯಿಂದ ಮರಳುತ್ತಿದ್ದ ಸೂಪರ್ ಪ್ಯೂಮಾ ಹೆಲಿಕಾಪ್ಟರಿನ ಇಡೀ ರೋಟರು ಕಳಚಿ ಹಾರಿಹೋಗಿ 13 ಜನ ಸತ್ತರು. ಗೇರುಪೆಟ್ಟಿಗೆಯ ಒಂದು ಗೇರಿನಲ್ಲಿ ಬಿರುಕು ಮೇಲ್ಮೈಯ ಕೆಳಗೇ ಬೆಳೆದಿತ್ತು. ಚೂರು ಹಿಡಿಯುವ ಸಾಧನವಾಗಲಿ ಕಂಪನ ಆಲಿಸುವ ಸಾಧನವಾಗಲಿ ಎಚ್ಚರಿಕೆ ಕೊಡಲಿಲ್ಲ. 2009ರ ಏಪ್ರಿಲ್ 1ರಂದು ಸ್ಕಾಟ್ಲೆಂಡಿನ ಬಳಿ ಇದೇ ಕುಟುಂಬದ ಹೆಲಿಕಾಪ್ಟರು ಇಂಥದೇ ಗೇರು ಮುರಿದು ಬಿದ್ದು 16 ಜನ ಸತ್ತಿದ್ದರು. ತುರೋಯ್ ನಂತರ ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆ ಬಳಕೆಯಲ್ಲಿದ್ದ ಎರಡು ಬಗೆಯ ಗೇರುಗಳಲ್ಲಿ ಒಂದನ್ನು ತೆಗೆಸಿತು, ಉಳಿದುದರ ಆಯುಷ್ಯ ಇಳಿಸಿತು. ಸಾಧನ ಕೇಳಿಸಿಕೊಳ್ಳದೇ ಹೋದ ಕಡೆ ಎಣಿಕೆಯೇ ಮತ್ತೆ ಆಧಾರವಾಯಿತು.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ. ಬಿಚ್ಚಿ ಜೋಡಿಸುವುದೇ ಅಪಾಯವಲ್ಲವೇ? ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಕರಾವಳಿ ವಿಮಾನಪಡೆಗೆ ನೆರವಾಗಿದ್ದ ಜೀವವಿಜ್ಞಾನಿ ಕಾನ್ರಾಡ್ ವಾಡಿಂಗ್ಟನ್, ನಿಗದಿತ ತಪಾಸಣೆ ಆದ ಕೂಡಲೇ ವಿಮಾನಗಳಲ್ಲಿ ದೋಷ ಹೆಚ್ಚುತ್ತದೆ, ಆಮೇಲೆ ಇಳಿಯುತ್ತದೆ ಎಂದು ಅಂಕಿಗಳಿಂದ ತೋರಿಸಿದ. 1978ರಲ್ಲಿ ಯುನೈಟೆಡ್ ಏರ್‌ಲೈನ್ಸಿನ ನೌಲನ್ ಮತ್ತು ಹೀಪ್, ತಾವು ಪರಿಶೀಲಿಸಿದ ವಿಮಾನದ ಭಾಗಗಳಲ್ಲಿ ಶೇಕಡಾ 11ರಷ್ಟು ಮಾತ್ರ ವಯಸ್ಸಿನಿಂದ ಕೆಡುತ್ತವೆ, ಉಳಿದ 89ಕ್ಕೆ ಗಂಟೆಯ ಮಿತಿ ಹಾಕಿ ಪ್ರಯೋಜನವಿಲ್ಲ ಎಂದರು. ವಿಮಾನ ನಿರ್ವಹಣೆಯ ಕ್ರಮವನ್ನೇ ಬದಲಿಸಿದ ಈ ಅಧ್ಯಯನವನ್ನು ತಳ್ಳಿಹಾಕಲಾಗದು. ಆದರೆ ಅವರು ಮಾಡಿದ ವಿಂಗಡಣೆಯನ್ನೂ ಪೂರ್ತಿ ಓದಬೇಕು. ಒಂದು ಕೆಟ್ಟರೆ ಇನ್ನೊಂದು ಕೆಲಸ ಮಾಡುವ ಪಂಪು, ರೇಡಿಯೋ, ವಿದ್ಯುತ್ ಪೆಟ್ಟಿಗೆಗಳನ್ನು ಕೆಡುವವರೆಗೂ ಬಿಡಬಹುದು. ಮುರಿದರೆ ಜೀವ ಹೋಗುವ, ಬದಲಿ ಇಲ್ಲದ, ದಣಿವಿನಿಂದ ಸಾಯುವ ಭಾಗಗಳಿಗೆ ಮಾತ್ರ ಗಡುವು ಕಟ್ಟಿ ಕಡ್ಡಾಯವಾಗಿ ಇಳಿಸಬೇಕೆಂದು ಅವರೂ ಒಪ್ಪಿದ್ದರು. ವಿಮಾನದಲ್ಲಿ ಅಂಥವು ಕೆಲವು. ಹೆಲಿಕಾಪ್ಟರಿನಲ್ಲಿ ರೋಟರಿನ ಬುಡದಿಂದ ತುದಿಯವರೆಗೆ ಹೆಚ್ಚಿನವು ಅಂಥವೇ. ಹಾಗಾಗಿ ಈ ಆಕ್ಷೇಪ ನಿಯಮವನ್ನು ಮುರಿಯುವುದಿಲ್ಲ. ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂದು ಗಡಿ ಹಾಕಿಕೊಡುತ್ತದೆ.

ಇಷ್ಟು ಹೇಳಿದ ಮೇಲೂ ಒಂದು ಕೊರತೆ ಉಳಿಯುತ್ತದೆ, ಧ್ರುವ್‌ನ ಕತೆ ಅದನ್ನು ಎತ್ತಿ ತೋರಿಸುತ್ತದೆ. 2023ರ ಮಾರ್ಚ್ 8ರಂದು ಮುಂಬೈ ಬಳಿ ಸಮುದ್ರದಲ್ಲಿ, 26ರಂದು ಕೊಚ್ಚಿಯಲ್ಲಿ, ಮೇ 4ರಂದು ಕಿಶ್ತ್ವಾರದಲ್ಲಿ ಒಂದರ ಹಿಂದೊಂದು ಧ್ರುವ್‌ಗಳು ಅಪಘಾತಕ್ಕೀಡಾದವು. ಆಗ ಅನುಮಾನ ಬಿದ್ದದ್ದು ರೆಕ್ಕೆಗಳನ್ನು ನಿಯಂತ್ರಿಸುವ ಸರಳುಗಳ ಮೇಲೆ. ಅಲ್ಯೂಮಿನಿಯಂ ಸರಳುಗಳನ್ನು ತೆಗೆದು ಉಕ್ಕಿನವನ್ನು ಹಾಕಲಾಯಿತು. ಎರಡು ವರ್ಷ ಕಳೆಯುವ ಮೊದಲೇ ಅದೇ ನಿಯಂತ್ರಣ ಸಾಲಿನ ಇನ್ನೊಂದು ಕೊಂಡಿ, ಸ್ವಾಶ್‌ಪ್ಲೇಟು, ಪೋರಬಂದರಿನಲ್ಲಿ ಮುರಿಯಿತು. ಈ ಬಾರಿ ಎಚ್‌ಎಎಲ್ ಭಾರತೀಯ ವಿಜ್ಞಾನ ಸಂಸ್ಥೆಯ ನೆರವು ಪಡೆಯಿತು, ನಾಲ್ಕು ತಿಂಗಳ ಬಳಿಕ ಭೂಸೇನೆ ಮತ್ತು ವಾಯುಪಡೆಯ ಧ್ರುವ್‌ಗಳಿಗೆ ಹಾರಲು ಅನುಮತಿ ಸಿಕ್ಕಿತು. ಬದಲಿಸುವುದು ಸರಿಯಾದ ಕೆಲಸ, ಆದರೆ ಅದು ಅರ್ಧ ಕೆಲಸ. ಇಳಿಸಿದ ಭಾಗವನ್ನು ಓದುವುದು ಇನ್ನರ್ಧ. ಹಟ್ಟಿಯಲ್ಲಿ ಕತ್ತರಿಸಿದ ಹಗ್ಗದ ತುಂಡನ್ನು ಬಿಚ್ಚಿ ನೋಡದೆ ಎಸೆದರೆ ಆ ನಿಯಮಕ್ಕೆ ಅರ್ಥವೇ ಇಲ್ಲ. ತುರೋಯ್ ತನಿಖಾಧಿಕಾರಿಗಳ ವರದಿಯಲ್ಲಿ ಎಲ್ಲಕ್ಕಿಂತ ನೋವಿನ ಅಂಶವೂ ಇದೇ. ಆ ಬಗೆಯ ಗೇರುಗಳಲ್ಲಿ ಹತ್ತರಲ್ಲಿ ಒಂದು ಕೂಡ ತನಗೆ ಬರೆದ ಆಯುಷ್ಯ ಪೂರೈಸುತ್ತಿರಲಿಲ್ಲ; ಅದಕ್ಕೂ ಮೊದಲೇ ಒಂದಲ್ಲ ಒಂದು ಕಾರಣಕ್ಕೆ ಹೊರಗೆ ಬರುತ್ತಿದ್ದವು. ಹೊರಬಂದವನ್ನು ಕೂಲಂಕಷವಾಗಿ ಪರೀಕ್ಷಿಸಿ, ಅವು ಏನು ಹೇಳುತ್ತಿವೆ ಎಂದು ಕೇಳುವ ಕ್ರಮವಿರಲಿಲ್ಲ. ನಾರ್ವೆಯ ಆ ವರದಿಯನ್ನು ಯಾರು ಬೇಕಾದರೂ ಓದಬಹುದು, ಹಾಗಾಗಿಯೇ ಜಗತ್ತಿನ ಯಾವ ಹೆಲಿಕಾಪ್ಟರ್ ತಯಾರಕರೂ ಅದರಿಂದ ಕಲಿಯಬಹುದು. ನಮ್ಮಲ್ಲಿ ಸೇನಾ ವಿಮಾನಗಳ ತನಿಖಾ ವರದಿಗಳು ಸಾಮಾನ್ಯವಾಗಿ ಜನರ ಮುಂದೆ ಬರುವುದಿಲ್ಲ. ಯುದ್ಧದ ಗುಟ್ಟು ಗುಟ್ಟಾಗಿಯೇ ಇರಲಿ. ಬಿರುಕು ಎಲ್ಲಿ ಹುಟ್ಟಿತು, ಎಷ್ಟು ಗಂಟೆಯಲ್ಲಿ ಬೆಳೆಯಿತು ಎಂಬುದು ಶತ್ರುವಿಗೆ ಉಪಯೋಗವಾಗುವ ಗುಟ್ಟಲ್ಲ. ಮುಂದಿನ ಭಾಗವನ್ನು ಮಾಡುವವನಿಗೆ ಬೇಕಾದ ಪಾಠ ಅದು. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರವರಿಯಲ್ಲಿ ಹೊಸ ಹೆಲಿಕಾಪ್ಟರ್ ಕಾರ್ಖಾನೆ ತೆರೆದ ರಾಜ್ಯ ನಮ್ಮದು. ಆ ಪಾಠದ ಮೇಲೆ ನಮಗೆ ಹಕ್ಕಿದೆ.

ಇದು ದೂರದ ಸಮುದ್ರದ, ದೂರದ ಗಡಿಯ ವಿಷಯವಲ್ಲ. ಕೃಷ್ಣೆ ಉಕ್ಕಿದಾಗ ಲಿಂಗಸುಗೂರು, ದೇವದುರ್ಗ, ರಾಯಚೂರು ತಾಲ್ಲೂಕುಗಳ ನದಿದಂಡೆಯ ಊರುಗಳೂ ನಡುಗಡ್ಡೆಗಳೂ ದಾರಿ ಕಳೆದುಕೊಳ್ಳುವುದನ್ನು 2009ರಲ್ಲಿ, 2019ರಲ್ಲಿ ನೋಡಿದ್ದೇವೆ. 2019ರ ಆಗಸ್ಟಿನಲ್ಲಿ ಪಕ್ಕದ ಕೊಪ್ಪಳ ಜಿಲ್ಲೆಯ ವಿರುಪಾಪುರ ಗಡ್ಡೆಯಲ್ಲಿ ತುಂಗಭದ್ರೆ ಸುತ್ತುವರಿದು, ರಕ್ಷಣೆಗೆ ಹೋದ ದೋಣಿಯೇ ಮಗುಚಿದಾಗ ಜನರನ್ನು ಎತ್ತಿದ್ದು ಹೆಲಿಕಾಪ್ಟರು. ಅಂಥ ಹೊತ್ತಿನಲ್ಲಿ ಮೇಲಿನಿಂದ ಇಳಿದ ಹಗ್ಗವನ್ನು ಹಿಡಿಯುವವರು ಅದರ ಮೇಲಿರುವ ತಟ್ಟೆ, ಸರಳು, ಗೇರುಗಳ ಲಾಗ್ ಕಾರ್ಡು ಕೇಳುವ ಸ್ಥಿತಿಯಲ್ಲಿರುವುದಿಲ್ಲ. ಅವರ ಪರವಾಗಿ ಯಾರೋ ಒಬ್ಬರು ಹ್ಯಾಂಗರಿನಲ್ಲಿ ಕೂತು, ಗಂಟೆ ಎಣಿಸಿ, ಇನ್ನೂ ಗಟ್ಟಿಯಾಗಿ ಕಾಣುವ ಭಾಗವನ್ನು ಕಳಚಿ ಕೆಳಗಿಟ್ಟಿರಬೇಕು. ಇನ್ನೊಬ್ಬರು ಅದನ್ನು ಕೊಯ್ದು, ಒಳಗೆ ನೋಡಿ, ಕಂಡದ್ದನ್ನು ಬರೆದಿಟ್ಟಿರಬೇಕು.