ತೋಳಿಲ್ಲದ ಕೈ, ಕಾಲಿಲ್ಲದ ಪಾದ!

ನೇರಳೆ ಬಣ್ಣದ ಪುಟ್ಟ ಮೈ. ಅದರ ಮೇಲೆ ಕತ್ತೇ ಇಲ್ಲದೆ ನಿಂತ ದೊಡ್ಡ ಮೂಗಿನ ತಲೆ. ಅಕ್ಕಪಕ್ಕದಲ್ಲಿ ಗಾಳಿಯಲ್ಲಿ ತೇಲುವ ಎರಡು ಬಿಳಿ ಕೈಗವಸುಗಳು. ಕೆಳಗೆ ಎರಡು ಹಳದಿ ಬೂಟುಗಳು. ತೋಳಿಲ್ಲ, ತೊಡೆಯಿಲ್ಲ, ಮೊಣಕಾಲಿಲ್ಲ. ಆದರೂ ಈ ಆಸಾಮಿ ಓಡುತ್ತಾನೆ, ಜಿಗಿಯುತ್ತಾನೆ, ಮುಷ್ಟಿಯನ್ನೇ ಎಸೆದು ಎದುರಾಳಿಗೆ ಗುದ್ದುತ್ತಾನೆ! ಇವನ ಹೆಸರು ‘ರೇಮನ್’. ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿಗಾಗಿ ಮಿಷೆಲ್ ಆನ್ಸೆಲ್ ರೂಪಿಸಿದ, 1995ರಲ್ಲಿ ಹೊರಬಂದ ವಿಡಿಯೋ ಗೇಮಿನ ನಾಯಕ.

ಇವನೊಬ್ಬನೇ ಅಲ್ಲ. 2006ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ಹೊರತಂದ ‘ವೀ ಸ್ಪೋರ್ಟ್ಸ್’ ಆಟದ ಟೆನಿಸ್ ಆಟಗಾರರಿಗೂ ತೋಳುಗಳಿರಲಿಲ್ಲ. ರ‍್ಯಾಕೆಟ್ ಹಿಡಿದ ಕೈ ಮೈಯಿಂದ ದೂರದಲ್ಲಿ ತೇಲುತ್ತಿತ್ತು. ವಿಚಿತ್ರವೆಂದರೆ, ಆಟದಲ್ಲಿ ಮುಳುಗಿದ ಮಕ್ಕಳಿಗೆ ಈ ಕೊರತೆ ಕಾಣುವುದೇ ಇಲ್ಲ! ಹಿಂದಿನಿಂದ ಇಣುಕಿದ ಅಪ್ಪನೋ ಅಜ್ಜಿಯೋ “ಇದೇನೋ, ಇವನ ತೋಳೆಲ್ಲಿ?” ಎಂದು ಕೇಳಿದಾಗಲೇ ಅವರು ಗಮನಿಸುವುದು. ಇಲ್ಲದ ತೋಳು ಇದ್ದಂತೆ ತೋರುವುದಾದರೂ ಹೇಗೆ?

ಉಳಿತಾಯದ ಲೆಕ್ಕ

ತೋಳು ಮಾಯವಾದದ್ದು ಮೊದಲಿಗೆ ಉಳಿತಾಯಕ್ಕಾಗಿ. ರೇಮನ್ ಓಡಾಡಿದ ಯಂತ್ರಗಳಲ್ಲಿ ಒಂದಾದ ಮೊದಲ ಪ್ಲೇಸ್ಟೇಷನ್ನಿನ ಮುಖ್ಯ ಸ್ಮರಣಕೋಶ ಕೇವಲ 2 ಮೆಗಾಬೈಟ್. ಇಂದು ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಕೂಡ ಎಷ್ಟೋ ಸಲ ಅದಕ್ಕಿಂತ ದೊಡ್ಡದಾಗಿರುತ್ತದೆ. ತೋಳಿಗೆ ಅಂಟಿಕೊಂಡ ಕೈ ಮೇಲೆದ್ದಾಗ ತೋಳಿನ ಒಂದು ಚಿತ್ರ ಬೇಕು, ಮುಂದೆ ಚಾಚಿದಾಗ ಇನ್ನೊಂದು, ಮಡಿಸಿದಾಗ ಮತ್ತೊಂದು. ಬಿಡಿ ಕೈಯಾದರೆ ಈ ತಾಪತ್ರಯವಿಲ್ಲ. ಅದೇ ಮುಷ್ಟಿಯ ಚಿತ್ರವನ್ನು ಬೇಕಾದಲ್ಲಿ ಇಟ್ಟರಾಯಿತು.

ಆದರೆ ಉಳಿತಾಯ ಮಾಡುವವರು ಏನನ್ನು ಬಿಟ್ಟರು, ಏನನ್ನು ಉಳಿಸಿಕೊಂಡರು ನೋಡಿ. ಕೈ ಪಾದಗಳನ್ನು ಅಳಿಸಿ ತೋಳು ತೊಡೆಗಳನ್ನು ಉಳಿಸಿಕೊಳ್ಳಬಹುದಿತ್ತಲ್ಲವೇ? ಹಾಗೆ ಮಾಡಿದ್ದರೆ ಆ ಗೊಂಬೆಗೆ ಜೀವ ಬರುತ್ತಿರಲಿಲ್ಲ. ಇದಕ್ಕೆ ವಿಜ್ಞಾನದಲ್ಲಿ ಉತ್ತರವಿದೆ.

ಕತ್ತಲಲ್ಲಿ ನಡೆದ ಚುಕ್ಕೆಗಳು

ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಗುನ್ನಾರ್ ಯೋಹಾನ್ಸನ್ 1973ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕಪ್ಪು ಬಟ್ಟೆ ತೊಟ್ಟ ವ್ಯಕ್ತಿಯ ಭುಜ, ಮೊಣಕೈ, ಮಣಿಕಟ್ಟು, ಸೊಂಟ, ಮೊಣಕಾಲು, ಹರಡುಗಳಿಗೆ ಪುಟ್ಟ ಬಲ್ಬುಗಳನ್ನೋ ಬೆಳಕನ್ನು ಪ್ರತಿಫಲಿಸುವ ಪಟ್ಟಿಗಳನ್ನೋ ಕಟ್ಟಿ, ಆ ಚುಕ್ಕೆಗಳು ಮಾತ್ರ ಕಾಣುವಂತೆ ಚಿತ್ರೀಕರಿಸಿದರು. ವ್ಯಕ್ತಿ ಅಲುಗಾಡದಿದ್ದಾಗ ನೋಡುಗರಿಗೆ ಕಂಡದ್ದು ಅಡ್ಡಾದಿಡ್ಡಿ ಚುಕ್ಕೆಗಳು, ಅಷ್ಟೆ. ನಡೆಯತೊಡಗಿದನೋ ಇಲ್ಲವೋ, “ಮನುಷ್ಯ ನಡೆಯುತ್ತಿದ್ದಾನೆ!” ಎಂದು ಗುರುತಿಸಿಬಿಟ್ಟರು. ಅದಕ್ಕೆ ಒಂದು ಸೆಕೆಂಡಿನ ಐದನೆಯ ಒಂದು ಭಾಗ ಸಾಕಾಯಿತು.

ಅಮೆರಿಕದ ಜೇಮ್ಸ್ ಕಟಿಂಗ್ ಮತ್ತು ಲಿನ್ ಕೊಜ್ಲೋಸ್ಕಿ 1977ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಇಂಥ ಚುಕ್ಕೆಗಳ ನಡಿಗೆಯಿಂದಲೇ ಜನ ತಮ್ಮ ಗೆಳೆಯರನ್ನು, ಬರಿಯ ಊಹೆಯಲ್ಲಿ ಸಾಧ್ಯವಾಗುವುದಕ್ಕಿಂತ ಹೆಚ್ಚು ಬಾರಿ, ಗುರುತಿಸಿದರು. ಹೆಜ್ಜೆಯ ಸಪ್ಪಳದಿಂದಲೇ ಯಾರು ಬಂದರೆಂದು ಹೇಳುವ ಅಜ್ಜಿಯಂದಿರು ನಮ್ಮಲ್ಲಿದ್ದಾರಲ್ಲ, ಇದು ಕಣ್ಣಿಗೆ ಸಂಬಂಧಿಸಿದ ಅಂಥದೇ ಜಾಣ್ಮೆ.

ಹಾಗಾದರೆ ಎಲ್ಲ ಚುಕ್ಕೆಗಳೂ ಸಮಾನವೇ? ಬ್ರಿಟನ್ನಿನ ಜಾರ್ಜ್ ಮೇದರ್ ಮತ್ತು ಸಂಗಡಿಗರು 1992ರಲ್ಲಿ ಒಂದೊಂದೇ ಜೊತೆ ಚುಕ್ಕೆಗಳನ್ನು ತೆಗೆದು ಪರೀಕ್ಷಿಸಿದರು. ಭುಜ, ಮೊಣಕೈ, ಮೊಣಕಾಲುಗಳ ಚುಕ್ಕೆ ಹೋದರೆ ಹೆಚ್ಚಿನ ನಷ್ಟವಾಗಲಿಲ್ಲ. ಮಣಿಕಟ್ಟು ಮತ್ತು ಹರಡುಗಳ ಚುಕ್ಕೆ ಹೋದಾಗ ಮಾತ್ರ ನೋಡುಗರು ತಬ್ಬಿಬ್ಬಾದರು. ಕಾರಣ ಸರಳ. ಲೋಲಕದಲ್ಲಿ ಹೆಚ್ಚು ದೂರ ತೂಗುವುದು ತುದಿಯ ಗುಂಡು. ತೂಗುಹಾಕಿದ ಜಾಗದ ಹತ್ತಿರದ ದಾರ ಅಲುಗುವುದೇ ಕಡಿಮೆ. ನಮ್ಮ ಕೈಕಾಲುಗಳೂ ಹಾಗೆಯೇ. ಚಲನೆಯ ಸುದ್ದಿಯೆಲ್ಲ ತುದಿಯಲ್ಲಿದೆ. ರೇಮನ್‌ಗೆ ಉಳಿದದ್ದು ಆ ತುದಿಗಳೇ! ಮಿಕ್ಕದ್ದನ್ನು ನಮ್ಮ ಮೆದುಳು ತುಂಬಿಕೊಳ್ಳುತ್ತದೆ.

ಮೊಣಕೈಯ ಒಗಟು

ಈಗ ಯಂತ್ರಗಳಲ್ಲಿ ಸ್ಮರಣಕೋಶಕ್ಕೆ ಬರವಿಲ್ಲ. ಆದರೂ ಕಣ್ಣಿಗೆ ಕನ್ನಡಕದಂಥ ಸಾಧನ ಕಟ್ಟಿಕೊಂಡು ಆಡುವ ‘ವರ್ಚುಯಲ್ ರಿಯಾಲಿಟಿ’ ಆಟಗಳಲ್ಲಿ ತೇಲುವ ಕೈಗಳು ಮತ್ತೆ ಬಂದಿವೆ. ಯಾಕೆ? ಉತ್ತರ ನಿಮ್ಮ ಮೇಜಿನ ಮೇಲೇ ಇದೆ. ಅಂಗೈಯನ್ನು ಮೇಜಿನ ಮೇಲೆ ಒತ್ತಿಡಿ. ಭುಜ, ಅಂಗೈ ಎರಡನ್ನೂ ಕದಲಿಸದೆ ಮೊಣಕೈಯನ್ನು ಮಾತ್ರ ಮೇಲೆ ಕೆಳಗೆ ಆಡಿಸಿ. ಆಡುತ್ತದೆ, ಅಲ್ಲವೇ? ಅಂದರೆ ಭುಜ ಮತ್ತು ಅಂಗೈ ಎಲ್ಲಿವೆಯೆಂದು ಗೊತ್ತಿದ್ದರೂ ಮೊಣಕೈ ಎಲ್ಲಿದೆಯೆಂದು ಖಚಿತವಾಗಿ ಹೇಳಲಾಗದು. ಆಟದ ಸಾಧನಕ್ಕೆ ತಿಳಿಯುವುದು ಸಾಮಾನ್ಯವಾಗಿ ತಲೆ ಮತ್ತು ಕೈಗಳ ಸ್ಥಾನ ಮಾತ್ರ. ಊಹಿಸಿ ಬರೆದ ತೋಳು ನಿಮ್ಮ ನಿಜವಾದ ತೋಳಿಗೆ ಹೊಂದದಿದ್ದರೆ ಕಿರಿಕಿರಿ. ತಪ್ಪು ತೋಳಿಗಿಂತ ತೋಳಿಲ್ಲದಿರುವುದೇ ವಾಸಿ!

ಆಟದಿಂದ ರಸ್ತೆಗೆ

ಇದೆಲ್ಲ ಬರೀ ಆಟದ ಮಾತಲ್ಲ. ಟ್ಯೂಷನ್ ಮುಗಿಸಿ ಕತ್ತಲಲ್ಲಿ ಮನೆಗೆ ನಡೆದು ಬರುವ ಮಕ್ಕಳನ್ನು ನೆನೆಯಿರಿ. ಗಾಢ ಬಣ್ಣದ ಬಟ್ಟೆ, ದೀಪವಿಲ್ಲದ ರಸ್ತೆ. ಮಗುವಿಗೆ ವಾಹನದ ದೀಪ ಢಾಳಾಗಿ ಕಾಣುವುದರಿಂದ ಚಾಲಕನಿಗೂ ತಾನು ಕಾಣುತ್ತಿದ್ದೇನೆಂದು ಅದು ನಂಬುತ್ತದೆ. ಈ ನಂಬಿಕೆ ಅಪಾಯಕಾರಿ.

ಬೆನ್ನಚೀಲಕ್ಕೆ ಹೊಳೆಯುವ ಪಟ್ಟಿ ಅಂಟಿಸಿದರೆ ಸಾಲದೇ? ಸ್ವಲ್ಪ ಪ್ರಯೋಜನ ಉಂಟು. ಆದರೆ ಚಾಲಕನಿಗೆ ಕಾಣುವುದು ಒಂದು ಹೊಳಪು ಮಾತ್ರ. ಅದು ಮೈಲಿಗಲ್ಲೋ, ನಿಂತ ಗಾಡಿಯೋ, ಮನುಷ್ಯನೋ ತಿಳಿಯದು. ಅಮೆರಿಕದ ರಿಚರ್ಡ್ ಟೈರೆಲ್, ಆಸ್ಟ್ರೇಲಿಯಾದ ಜೊಆನ್ ವುಡ್ ಮುಂತಾದವರು ರಾತ್ರಿ ವೇಳೆ ನಡೆಸಿದ ಪ್ರಯೋಗಗಳಲ್ಲಿ ಯೋಹಾನ್ಸನ್ನರ ಚುಕ್ಕೆಗಳೇ ಗೆದ್ದವು. ಎದೆಯ ಮೇಲಿನ ಪಟ್ಟಿಗೆ ಹೋಲಿಸಿದರೆ, ಮಣಿಕಟ್ಟು, ಮೊಣಕಾಲು, ಹರಡುಗಳಿಗೂ ಪಟ್ಟಿ ಕಟ್ಟಿಕೊಂಡ ಪಾದಚಾರಿಗಳನ್ನು ಚಾಲಕರು ಹೆಚ್ಚು ದೂರದಿಂದ ಗುರುತಿಸಿದರು. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಒಂದೇ ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಸಾಗುತ್ತದೆ. ಒಂದು ಸೆಕೆಂಡು ಮುಂಚೆ ಗುರುತು ಸಿಕ್ಕರೆ ಅಷ್ಟು ದೂರ ಬ್ರೇಕಿಗೆ ಉಳಿದಂತೆ. ತಗ್ಗಿಸಿದ ಹೆಡ್‌ಲೈಟಿನ ಬೆಳಕು ಚೆನ್ನಾಗಿ ಬೀಳುವುದೂ ಕೆಳಗಿರುವ ಕಾಲುಗಳ ಮೇಲೆಯೇ. ಸೈಕಲ್ ಪೆಡಲಿಗೆ ಹಾಕುವ ಪ್ರತಿಫಲಕವೂ ಇದೇ ಬಗೆಯಲ್ಲಿ ಕೆಲಸ ಮಾಡುತ್ತದೆ. ಅದು ಮೇಲೆ ಕೆಳಗೆ ಆಡಿದಾಗ, ಮುಂದೆ ಹೋಗುತ್ತಿರುವುದು ಸೈಕಲ್ ಎಂದು ಕೂಡಲೇ ಗೊತ್ತಾಗುತ್ತದೆ.

ಇದನ್ನು ಶಾಲೆಯಲ್ಲೋ ಮನೆಯಲ್ಲೋ ಮಾಡಿ ನೋಡಬಹುದು. ಗಾಢ ಬಣ್ಣದ ಬಟ್ಟೆ ತೊಟ್ಟ ಗೆಳೆಯನ ಮಣಿಕಟ್ಟು, ಮೊಣಕಾಲು, ಹರಡುಗಳಿಗೆ ಸೈಕಲ್ ಅಂಗಡಿಯಲ್ಲಿ ಸಿಗುವ ಪ್ರತಿಫಲಿಸುವ ಪಟ್ಟಿಯ ತುಂಡುಗಳನ್ನು ಅಂಟಿಸಿ. ಕತ್ತಲ ಕೋಣೆಯಲ್ಲಿ ಮೊಬೈಲಿನ ದೀಪ ಹೊತ್ತಿಸಿ, ದೂರದಿಂದ ಅವನ ನಡಿಗೆಯ ವಿಡಿಯೊ ತೆಗೆಯಿರಿ. ಚಿತ್ರವನ್ನು ನಿಲ್ಲಿಸಿದರೆ ಬರೀ ಚುಕ್ಕೆಗಳು, ಓಡಿಸಿದರೆ ಗೆಳೆಯ ಪ್ರತ್ಯಕ್ಷ!

ಪ್ರಯೋಗ ಮುಗಿದ ಮೇಲೆ ಆ ಪಟ್ಟಿಯನ್ನು ಎಸೆಯಬೇಡಿ. ಮಗುವಿನ ಶೂಗಳ ಹಿಮ್ಮಡಿಗೆ ಒಂದೊಂದು ತುಂಡು, ಅಂಗಿಯ ತೋಳಿನ ಅಂಚಿಗೆ ಒಂದೊಂದು ತುಂಡು ಅಂಟಿಸಿ. ಖರ್ಚು ಹೆಚ್ಚಿಲ್ಲ, ಕೆಲಸ ಐದು ನಿಮಿಷದ್ದು.