ಹಳೆಯ ಟ್ರ್ಯಾಕ್ಟರಿನ ಹೈಡ್ರಾಲಿಕ್ ಪಂಪಿನಲ್ಲಿ ಎಣ್ಣೆ ಸೋರಿಕೆ: ಪತ್ತೆ ಮತ್ತು ದುರಸ್ತಿ

ಹತ್ತಾರು ವರ್ಷ ದುಡಿದ ಟ್ರ್ಯಾಕ್ಟರನ್ನು ರಾತ್ರಿ ನಿಲ್ಲಿಸಿದ ಜಾಗದಲ್ಲಿ ಬೆಳಗ್ಗೆ ಎಣ್ಣೆಯ ಕಲೆ ಕಾಣುವುದು ಅಪರೂಪವೇನಲ್ಲ. ಕೆಲವು ರೈತರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಆಗಾಗ್ಗೆ ಎಣ್ಣೆ ತುಂಬಿ ಕೆಲಸ ಸಾಗಿಸುತ್ತಾರೆ. ಮತ್ತೆ ಕೆಲವರು ನೇಗಿಲು ಮೇಲೇಳದ ದಿನ ಪಂಪು ಕೆಟ್ಟಿತೆಂದು ತಾವೇ ತೀರ್ಮಾನಿಸಿ ಹೊಸ ಪಂಪು ಕೊಂಡು ತರುತ್ತಾರೆ. ಎರಡೂ ನಷ್ಟದ ದಾರಿಗಳೇ. ಸೆಕೆಂಡಿಗೆ ಒಂದು ತೊಟ್ಟು ಸೋರಿದರೂ ಎಂಟು ಗಂಟೆಯ ಉಳುಮೆಯಲ್ಲಿ ಸುಮಾರು ಒಂದೂವರೆ ಲೀಟರ್ ಎಣ್ಣೆ ಮಣ್ಣುಪಾಲಾಗುತ್ತದೆ. ಇನ್ನೊಂದೆಡೆ, ಪಂಪಿನದೆಂದು ತೋರುವ ಸೋರಿಕೆ ಹಲವು ವೇಳೆ ಕೊಳವೆಯ ಕೀಲಿನಲ್ಲಿರುವ ಒಂದು ರಬ್ಬರ್ ಉಂಗುರದ ದೋಷವಾಗಿರುತ್ತದೆ. ಆದ್ದರಿಂದ ಎಣ್ಣೆ ಎಲ್ಲಿಂದ ಹೊರಡುತ್ತಿದೆ ಎಂಬುದು ಖಚಿತವಾಗುವವರೆಗೆ ಪಂಪನ್ನು ಬಿಚ್ಚಬಾರದು.

ಕೈಯಿಂದ ತಡವಬಾರದು

ಭಾರ ಎತ್ತುವಾಗ ಒತ್ತಡದ ಕೊಳವೆಯಲ್ಲಿ ಚದರ ಸೆಂಟಿಮೀಟರಿಗೆ 150ರಿಂದ 200 ಕಿಲೋಗ್ರಾಂನಷ್ಟು ಒತ್ತಡವಿರುವುದು ಸಾಮಾನ್ಯ. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆ ಕಣ್ಣಿಗೆ ಸರಿಯಾಗಿ ಕಾಣದಿದ್ದರೂ ಚರ್ಮವನ್ನು ತೂರಿ ಮಾಂಸದೊಳಗೆ ಸೇರುತ್ತದೆ. ಗಾಯ ಮುಳ್ಳು ಚುಚ್ಚಿದಂತೆ ಕಾಣುತ್ತದೆ, ಮೊದಲಿಗೆ ನೋವೂ ಕಡಿಮೆ. ಆದರೆ ಕೆಲವೇ ಗಂಟೆಗಳಲ್ಲಿ ಕೈ ಬಾತು, ಬೆರಳನ್ನೇ ಕಳೆದುಕೊಳ್ಳುವ ಸ್ಥಿತಿ ಬರಬಹುದು. ಹೀಗಾದಲ್ಲಿ ಅರಿಶಿನ ಹಚ್ಚಿ ಕಾಯದೆ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ, ಒತ್ತಡದ ಎಣ್ಣೆ ಒಳಹೊಕ್ಕಿದೆ ಎಂದು ವೈದ್ಯರಿಗೆ ತಿಳಿಸಬೇಕು. ಸೋರಿಕೆ ನೋಡಲು ರಟ್ಟಿನ ತುಂಡನ್ನು ಹಿಡಿದರೆ ಸಾಕು, ಅದರ ಮೇಲೆ ಎಣ್ಣೆಯ ಗೆರೆ ಮೂಡುತ್ತದೆ. ಎತ್ತಿ ನಿಲ್ಲಿಸಿದ ಉಪಕರಣದ ಕೆಳಗೆ ಯಾರೂ ಹೋಗಬಾರದು. ಯಾವ ಕೊಳವೆಯನ್ನೇ ಬಿಚ್ಚುವ ಮೊದಲು ಉಪಕರಣವನ್ನು ನೆಲಕ್ಕಿಳಿಸಿ, ಎಂಜಿನ್ ನಿಲ್ಲಿಸಿ, ಹೈಡ್ರಾಲಿಕ್ ಸನ್ನೆಯನ್ನು ಒಂದೆರಡು ಸಲ ಮೇಲೆ ಕೆಳಗೆ ಆಡಿಸಿ ಉಳಿದ ಒತ್ತಡವನ್ನು ಬಿಡಬೇಕು.

ಸೋರುತ್ತಿರುವುದು ಯಾವ ಎಣ್ಣೆ?

ಬಿಳಿ ಕಾಗದವೊಂದನ್ನು ಟ್ರ್ಯಾಕ್ಟರಿನ ಕೆಳಗೆ ಹಾಸಿದರೆ ಅರ್ಧ ಉತ್ತರ ಸಿಕ್ಕಂತೆ. ಎಂಜಿನ್ ಎಣ್ಣೆ ಕಪ್ಪಗಿರುತ್ತದೆ. ಹೈಡ್ರಾಲಿಕ್ ಎಣ್ಣೆ ಸಾಮಾನ್ಯವಾಗಿ ಜೇನಿನ ಬಣ್ಣದ್ದು. ಡೀಸೆಲ್ ತೆಳ್ಳಗಿದ್ದು ವಾಸನೆಯಿಂದಲೇ ಗೊತ್ತಾಗುತ್ತದೆ. ಅನಂತರ ಪಂಪು, ಕೊಳವೆ, ಕೀಲುಗಳನ್ನೆಲ್ಲ ಡೀಸೆಲ್ ಮತ್ತು ಬ್ರಷ್‌ನಿಂದ ತೊಳೆದು, ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಜರಡಿ ಹಿಡಿದ ಬೂದಿಯನ್ನಾಗಲಿ ಮುಖದ ಪೌಡರನ್ನಾಗಲಿ ತೆಳುವಾಗಿ ಉದುರಿಸಬೇಕು. ಎಂಜಿನ್ ನಡೆಸಿ ಭಾರದ ಉಪಕರಣವೊಂದನ್ನು ಹತ್ತು ಸಲ ಎತ್ತಿ ಇಳಿಸಿದರೆ ಪೌಡರಿನ ಮೇಲೆ ಒದ್ದೆಯ ಜಾಡು ಕಾಣುತ್ತದೆ. ಎಣ್ಣೆ ಕೆಳಕ್ಕೆ ಇಳಿಯುತ್ತದೆ, ಫ್ಯಾನಿನ ಗಾಳಿಗೆ ಹಿಂದಕ್ಕೂ ಹರಿಯುತ್ತದೆ. ಹಾಗಾಗಿ ತೊಟ್ಟಿಕ್ಕುವ ಜಾಗವನ್ನು ಬಿಟ್ಟು, ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನ ಮತ್ತು ಮುಂದಿನ ಜಾಗವನ್ನು ಹುಡುಕಬೇಕು. ದೋಷ ಅಲ್ಲಿಯೇ ಇರುತ್ತದೆ.

ಕೀಲಿನ ನಟ್ಟು ಸಡಿಲವಿದ್ದರೆ ಬಿಗಿ ಮಾಡಿ ನೋಡಬಹುದು. ಬಿಗಿ ಇದ್ದೂ ಸೋರುತ್ತಿದ್ದರೆ ಮತ್ತಷ್ಟು ತಿರುಗಿಸುವುದರಿಂದ ಮರೆ ಹಾಳಾಗುವುದೇ ಹೊರತು ಸೋರಿಕೆ ನಿಲ್ಲದು. ಓ ರಿಂಗನ್ನಾಗಲಿ ತಾಮ್ರದ ವಾಷರನ್ನಾಗಲಿ ಬದಲಾಯಿಸಬೇಕು.

ತೊಟ್ಟಿಕ್ಕದ ಸೋರಿಕೆಗಳು

ಹೊರಗೆ ಒಂದು ತೊಟ್ಟೂ ಬೀಳದಿದ್ದರೂ ಸೋರಿಕೆ ಇರಬಹುದು. ಹಳೆಯ ಟ್ರ್ಯಾಕ್ಟರುಗಳನ್ನು ಹೆಚ್ಚು ಕೆಡಿಸುವುದು ಇಂಥವೇ.

ಎಂಜಿನ್ನಿನ ಟೈಮಿಂಗ್ ಗೇರಿನಿಂದ ನಡೆಯುವ, ಎಂಜಿನ್ನಿಗೇ ಬೋಲ್ಟು ಮಾಡಿದ ಗೇರ್ ಪಂಪುಗಳಲ್ಲಿ ಶಾಫ್ಟಿನ ಆಯಿಲ್ ಸೀಲು ಸವೆದಾಗ ಹೈಡ್ರಾಲಿಕ್ ಎಣ್ಣೆ ನೇರವಾಗಿ ಎಂಜಿನ್ನಿನ ಸಂಪಿಗೆ ಇಳಿಯುತ್ತದೆ. ನೆಲ ಒಣಗಿರುತ್ತದೆ, ಹೈಡ್ರಾಲಿಕ್ ಎಣ್ಣೆ ಮಾತ್ರ ಕಡಿಮೆಯಾಗುತ್ತಿರುತ್ತದೆ. ಎಂಜಿನ್ನಿನ ಅಳತೆ ಕಡ್ಡಿಯಲ್ಲಿ ಎಣ್ಣೆ ಮೇಲಿನ ಗುರುತನ್ನೂ ದಾಟಿರುತ್ತದೆ. ಎಂಜಿನ್ ಎಣ್ಣೆ ತಾನಾಗಿ ಏರುವುದನ್ನು ಕಂಡು ಸಂತೋಷಪಡುವ ಚಾಲಕರೂ ಇದ್ದಾರೆ! ಹೀಗೆ ಏರಿದ ಎಣ್ಣೆಯನ್ನು ಕ್ರ್ಯಾಂಕ್ ಶಾಫ್ಟು ಕಡೆದು ನೊರೆಯಾಗಿಸುತ್ತದೆ, ಹೊಗೆ ಹೆಚ್ಚುತ್ತದೆ, ಬೇರಿಂಗುಗಳಿಗೆ ಅಪಾಯ. ಡೀಸೆಲ್ ಇಳಿದರೂ ಸಂಪಿನ ಮಟ್ಟ ಏರುತ್ತದೆ. ಆದರೆ ಆಗ ಕಡ್ಡಿಯ ಎಣ್ಣೆ ಡೀಸೆಲ್ ವಾಸನೆ ಬರುತ್ತದೆ, ಹೈಡ್ರಾಲಿಕ್ ಮಟ್ಟ ಕಡಿಮೆಯಾಗಿರುವುದಿಲ್ಲ.

ಎರಡನೆಯದು ಹೀರುವ ಕೊಳವೆಯ ಸೋರಿಕೆ. ಇಲ್ಲಿ ಎಣ್ಣೆ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಪಂಪು ಕೂಗುತ್ತದೆ, ಎತ್ತುವಿಕೆ ನಡುಗುತ್ತದೆ, ಎಣ್ಣೆ ನೊರೆಗಟ್ಟುತ್ತದೆ. ಎಂಜಿನ್ ನಡೆಯುತ್ತಿರುವಾಗ, ತಿರುಗುವ ಭಾಗಗಳಿಂದ ದೂರವಿದ್ದು, ಹೀರುವ ಕೊಳವೆಯ ಒಂದೊಂದೇ ಕೀಲಿಗೆ ದಪ್ಪಗೆ ಗ್ರೀಸ್ ಮೆತ್ತುತ್ತ ಹೋಗಬೇಕು. ಯಾವ ಕೀಲಿಗೆ ಮೆತ್ತಿದಾಗ ಪಂಪಿನ ಕೂಗು ಬದಲಾಗುವುದೋ ಅಲ್ಲಿ ಗಾಳಿ ನುಗ್ಗುತ್ತಿದೆ. ಕಟ್ಟಿಕೊಂಡ ಫಿಲ್ಟರಿನಿಂದಲೂ ಇದೇ ಕೂಗು ಬರುವುದರಿಂದ ಮೊದಲು ಫಿಲ್ಟರನ್ನು ತೊಳೆದು ನೋಡುವುದು ಮೇಲು.

ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಅದು ಗಾಳಿಯೋ ನೀರೋ ಎಂದು ತಿಳಿಯಲು ಗಾಜಿನ ಸೀಸೆಯಲ್ಲಿ ಹಿಡಿದು ರಾತ್ರಿಯಿಡೀ ಇಡಬೇಕು. ಗಾಳಿಯಾದರೆ ಬೆಳಗ್ಗೆ ತಿಳಿಯಾಗಿರುತ್ತದೆ. ನೀರಾದರೆ ಮಬ್ಬು ಉಳಿಯುತ್ತದೆ, ಇಲ್ಲವೆ ನೀರು ತಳ ಸೇರುತ್ತದೆ. ಕೇಜ್ ವೀಲ್ ಕಟ್ಟಿ ಕೆಸರು ಗದ್ದೆ ಮಾಡುವ ಟ್ರ್ಯಾಕ್ಟರುಗಳಲ್ಲಿ, ಗೇರ್ ಸನ್ನೆಯ ಬುಡದ ಹರಿದ ರಬ್ಬರ್ ಹೊದಿಕೆಯ ಮೂಲಕ ನೀರು ಸೇರುವುದುಂಟು.

ಮೂರನೆಯದು ಪಂಪಿನ ಒಳಗಿನ ಸವಕಳಿ. ಬೆಳಗ್ಗೆ ಚೆನ್ನಾಗಿ ಎತ್ತಿ, ಎಣ್ಣೆ ಕಾದ ಮೇಲೆ ನಿಧಾನಿಸಿದರೆ ಪಂಪಿನ ಮೇಲೆ ಸಂಶಯಪಡಬಹುದು. ಗೇರ್ ಪಂಪಿನ ಟ್ರ್ಯಾಕ್ಟರಿನಲ್ಲಿ ನೇಗಿಲನ್ನು ಎತ್ತಿ ಎಂಜಿನ್ ನಿಲ್ಲಿಸಿದಾಗ ಅದು ಬೇಗ ಕುಸಿದರೆ ದೋಷ ಬಹುತೇಕ ಸಿಲಿಂಡರಿನಲ್ಲಿ ಅಥವಾ ವಾಲ್ವಿನಲ್ಲಿ. ಹೊಸ ಪಂಪಿನಿಂದ ಅದು ಸರಿಯಾಗದು.

ಶಾಫ್ಟಿನ ಸೀಲು ಬದಲಾಯಿಸುವ ಬಗೆ

ಪಂಪಿನ ಸುತ್ತ ತೊಳೆದು, ಕೊಳವೆಗಳನ್ನು ಬಿಚ್ಚಿ, ಬಾಯಿಗಳಿಗೆ ಶುದ್ಧ ಬಟ್ಟೆ ಕಟ್ಟಬೇಕು. ಪಂಪಿನ ಭಾಗಗಳನ್ನು ಬೇರ್ಪಡಿಸುವ ಮೊದಲು ಕೂಡುವ ಕಡೆ ಗುರುತು ಗೀರಬೇಕು. ಹಳೆಯ ಸೀಲಿನ ಮೇಲೆ 25×40×7 ಎಂಬಂತೆ ಮೂರು ಅಂಕಿಗಳಿರುತ್ತವೆ. ಒಳವ್ಯಾಸ, ಹೊರವ್ಯಾಸ, ಅಗಲ, ಎಲ್ಲವೂ ಮಿಲಿಮೀಟರಿನಲ್ಲಿ. ಅಂಗಡಿಗೆ ಹೋಗುವಾಗ ಹಳೆಯದನ್ನೇ ಒಯ್ಯುವುದು ಒಳ್ಳೆಯದು.

ಸೀಲು ತೆಗೆದ ಮೇಲೆ ಶಾಫ್ಟಿನ ಮೇಲೆ ಉಗುರು ಆಡಿಸಬೇಕು. ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿದ್ದರೆ ಹೊಸ ಸೀಲೂ ಬಹಳ ದಿನ ಬಾಳದು. ಸ್ಥಳವಿದ್ದಲ್ಲಿ ಸೀಲನ್ನು ಒಂದೆರಡು ಮಿಲಿಮೀಟರ್ ಆಚೀಚೆ ಕೂರಿಸಿ, ಅದರ ತುಟಿ ನುಣುಪಾದ ಭಾಗದ ಮೇಲೆ ಓಡುವಂತೆ ಮಾಡಬಹುದು. ಸೀಲಿನ ತುಟಿ ಯಾವ ಎಣ್ಣೆಯನ್ನು ತಡೆಯಬೇಕೋ ಅದರ ಕಡೆಗೆ ಮುಖ ಮಾಡಿರಬೇಕು. ಎಂಜಿನ್ನಿಗೆ ಕೂರುವ ಹಲವು ಪಂಪುಗಳಲ್ಲಿ ಎರಡು ಸೀಲುಗಳು ಬೆನ್ನಿಗೆ ಬೆನ್ನು ಹಾಕಿ ಕೂತಿರುತ್ತವೆ. ಅವುಗಳ ನಡುವೆ ಸಣ್ಣ ರಂಧ್ರವಿದ್ದರೆ ಅದರಿಂದ ಬೀಳುವ ತೊಟ್ಟೇ ಸೀಲು ಸವೆದ ಸೂಚನೆ. ಅದನ್ನು ಎಂ-ಸೀಲ್ ಹಾಕಿ ಮುಚ್ಚಿದರೆ ಎಣ್ಣೆ ಎಂಜಿನ್ನಿಗೆ ದಾರಿ ಹುಡುಕಿಕೊಳ್ಳುತ್ತದೆ.

ತುಟಿಗೆ ಎಣ್ಣೆ ಸವರಿ, ಶಾಫ್ಟಿನ ಹಲ್ಲುಗಳಿಗೆ ತೆಳು ಪ್ಲಾಸ್ಟಿಕ್ ಸುತ್ತಿ ಸೀಲನ್ನು ದಾಟಿಸಬೇಕು. ಅದರ ಹೊರ ಅಂಚಿಗೆ ಹೊಂದುವ ಪೈಪಿನ ತುಂಡನ್ನಿಟ್ಟು ಸಮವಾಗಿ ಒತ್ತಬೇಕು. ಒಂದೇ ಅಂಚಿಗೆ ಸುತ್ತಿಗೆಯಿಂದ ಹೊಡೆದರೆ ಸೀಲು ಸೊಟ್ಟಗಾಗುತ್ತದೆ.

ಹೊಸ ಸೀಲು ಒಂದೆರಡು ದಿನದಲ್ಲೇ ಹೊರಕ್ಕೆ ನೂಕಿಬಂದರೆ ಸೀಲಿನ ಅಂಗಡಿಯವನನ್ನು ದೂರಿ ಫಲವಿಲ್ಲ. ಸೀಲಿನ ಹಿಂದೆ ಒತ್ತಡ ಕಡಿಮೆ ಇರುವಂತೆ ಅಲ್ಲಿನ ಎಣ್ಣೆ ಹೀರುವ ಕಡೆಗೆ ಮರಳಲು ದಾರಿ ಇರುತ್ತದೆ. ಆ ದಾರಿ ಕಟ್ಟಿದ್ದರೆ, ಒಳಗಿನ ಬುಷ್‌ಗಳು ತೀರ ಸವೆದಿದ್ದರೆ, ಅಥವಾ ಪಂಪು ಬಾಣದ ಗುರುತಿಗೆ ವಿರುದ್ಧವಾಗಿ ತಿರುಗುತ್ತಿದ್ದರೆ ಹೀಗಾಗುತ್ತದೆ. ಪಂಪಿನ ಒಡಲಲ್ಲಿ ಹೀರುವ ಬದಿಗೆ ಗೇರು ಉಜ್ಜಿದ ನುಣುಪು ಕಲೆ ಸಹಜ. ಅಲ್ಲಿ ಉಗುರು ನಿಲ್ಲುವಷ್ಟು ಮೆಟ್ಟಿಲಾಗಿದ್ದರೆ ಮಾತ್ರ ಹೊಸ ಪಂಪಿಗೆ ಹಣ ಹಾಕುವುದು ಸರಿ.

ಫರ್ಗ್ಯುಸನ್ ಮಾದರಿಯ ಪಂಪು

ಮ್ಯಾಸಿ ಫರ್ಗ್ಯುಸನ್ 35, 1035 ಮುಂತಾದ ಟ್ರ್ಯಾಕ್ಟರುಗಳಲ್ಲಿ ಪಿಸ್ಟನ್ ಪಂಪು ನಡುಭಾಗದ ಪೆಟ್ಟಿಗೆಯೊಳಗೆ ಎಣ್ಣೆಯಲ್ಲಿ ಮುಳುಗಿದ್ದು ಪಿ.ಟಿ.ಓ. ಶಾಫ್ಟಿನಿಂದ ನಡೆಯುತ್ತದೆ. ಇಲ್ಲಿ ಪಂಪಿನ ಸೋರಿಕೆ ಹೊರಗೆ ಕಾಣುವಂತಿಲ್ಲ. ಎತ್ತುವಾಗ ಜಗ್ಗಿ ಜಗ್ಗಿ ಏರಿದರೆ ಪಂಪಿನ ಯಾವುದೋ ವಾಲ್ವಿನಲ್ಲಿ ಕಸ ಸಿಕ್ಕಿರಬಹುದು. ಎತ್ತಿದ ನೇಗಿಲು ತುಸು ಇಳಿದು ಮತ್ತೆ ಏರುತ್ತಿದ್ದರೆ ಪಿಸ್ಟನ್ ರಿಂಗು, ನಿಲುಗೊಳವೆಯ ಓ ರಿಂಗು ಅಥವಾ ಸೇಫ್ಟಿ ವಾಲ್ವು ಸೋರುತ್ತಿರಬೇಕು. ಎಣ್ಣೆಯನ್ನು ಬಾಗಿಲಿಗಿಂತ ಕೆಳಮಟ್ಟಕ್ಕೆ ಇಳಿಸಿ, ಪಕ್ಕದ ಮುಚ್ಚಳ ತೆಗೆದು, ಭಾರ ಎತ್ತಿಸಿ, ದೂರದಿಂದ ಬ್ಯಾಟರಿ ಬೆಳಕು ಬಿಟ್ಟರೆ ಎಣ್ಣೆ ಸುರಿಯುವ ಜಾಗ ಕಾಣುತ್ತದೆ. ಒಳಗೆ ಶಾಫ್ಟು ತಿರುಗುತ್ತಿರುವುದರಿಂದ ಕೈಯಾಗಲಿ ಬಟ್ಟೆಯ ತುದಿಯಾಗಲಿ ಹತ್ತಿರ ಹೋಗಬಾರದು. ಈ ಪಂಪನ್ನು ಹೊರತೆಗೆಯುವುದು ಅನುಭವಿ ಮೆಕ್ಯಾನಿಕನ ಕೆಲಸ.

ಮರುಜೋಡಣೆಯ ನಂತರ

ಗೇರ್ ಪಂಪಿನ ಬಾಯಿಗೆ ಶುದ್ಧ ಎಣ್ಣೆ ತುಂಬಿಯೇ ಕೊಳವೆ ಜೋಡಿಸಬೇಕು. ಒಣಗಿದ ಪಂಪು ಕೆಲವೇ ನಿಮಿಷಗಳಲ್ಲಿ ಗೀರು ಬೀಳುತ್ತದೆ. ತಯಾರಕರ ಪುಸ್ತಕದಲ್ಲಿ ಹೇಳಿದ ಎಣ್ಣೆಯನ್ನೇ ಹಾಕಬೇಕು, ಎಂಜಿನ್ನಿನಿಂದ ತೆಗೆದ ಹಳೆಯ ಎಣ್ಣೆ ಸಲ್ಲದು. ಎಂಜಿನ್ನನ್ನು ನಿಧಾನ ವೇಗದಲ್ಲಿ ಐದು ನಿಮಿಷ ಭಾರವಿಲ್ಲದೆ ನಡೆಸಿ, ಅನಂತರ ಹತ್ತು ಹದಿನೈದು ಸಲ ಎತ್ತಿ ಇಳಿಸಿ ಗಾಳಿ ಕಳೆದು, ಮಟ್ಟವನ್ನು ಮತ್ತೆ ನೋಡಬೇಕು. ಸಂಪಿಗೆ ಹೈಡ್ರಾಲಿಕ್ ಎಣ್ಣೆ ಇಳಿದಿದ್ದಲ್ಲಿ ಟ್ರ್ಯಾಕ್ಟರನ್ನು ಕೆಲಸಕ್ಕೆ ಹಚ್ಚುವ ಮೊದಲೇ ಎಂಜಿನ್ ಎಣ್ಣೆಯನ್ನೂ ಫಿಲ್ಟರನ್ನೂ ಬದಲಾಯಿಸಬೇಕು. ಮುಂದಿನ ಒಂದು ವಾರ ಪ್ರತಿದಿನ ಬೆಳಗ್ಗೆ ಎಂಜಿನ್ನಿನ ಅಳತೆ ಕಡ್ಡಿಯನ್ನು ಗಮನಿಸಬೇಕು. ಎಣ್ಣೆ ಪುನಃ ಏರುತ್ತಿದ್ದರೆ ಸೀಲು ತಿರುವುಮುರುವಾಗಿ ಕೂತಿದೆಯೇ ಎಂದು ಪಂಪನ್ನು ಇನ್ನೊಮ್ಮೆ ಬಿಚ್ಚಿ ನೋಡತಕ್ಕದ್ದು.